ಕಿವಿಯ ಕೈಚಳಕ

ದೇವರು ಕಿವಿಯನ್ನು ಕೇಳಲಿಕ್ಕೆ ಕೊಟ್ಟ, ಓಲೆ ಹಾಕಲಿಕ್ಕೆ ಕೊಟ್ಟ, ಮೇಷ್ಟ್ರುಗಳಿಗೆ ಹಿಂಡಲಿಕ್ಕೂ ಕೊಟ್ಟ. ಅದಕ್ಕೆ ಗುಂಡಿ ಒತ್ತುವ ವಿದ್ಯೆಯೂ ಬರುತ್ತದೆ ಎಂದು ನನಗೆ ತಿಳಿದದ್ದು, ನನ್ನ ಫೋನಿನ ಪರದೆ ಆರುವುದನ್ನು ಬಿಟ್ಟ ಮೇಲೆ.

ನೆಟ್ಟಗಿರುವ ಫೋನು ಏನು ಮಾಡುತ್ತದೆಂದು ಯಾರೂ ಗಮನಿಸಿರುವುದಿಲ್ಲ. ಕರೆ ಬಂತು, ಎತ್ತಿದಿರಿ, ಕಿವಿಗೆ ಹಿಡಿದಿರಿ. ಅಷ್ಟರಲ್ಲಿ ಪರದೆ ತಾನಾಗಿ ಕಪ್ಪಾಗಿರುತ್ತದೆ. ಕಿವಿಯಿಂದ ತೆಗೆದರೆ ಮತ್ತೆ ಬೆಳಗುತ್ತದೆ. ನನ್ನದು ಈ ಶಿಷ್ಟಾಚಾರವನ್ನು ಕೈಬಿಟ್ಟಿತು. ಮಾತಾಡುವಷ್ಟು ಹೊತ್ತೂ ಝಗಝಗ ಉರಿಯುತ್ತಲೇ ಇರುತ್ತಿತ್ತು. ಮ್ಯೂಟ್, ಕೀಪ್ಯಾಡ್, ಸ್ಪೀಕರ್, ಹೋಲ್ಡ್ ಎಲ್ಲ ಕೆನ್ನೆಗೂ ಕಿವಿಗೂ ಸಿಗುವಂತೆ ಸಾಲಾಗಿ ಕೂತಿರುತ್ತಿದ್ದವು.

ಗಂಡಸರಿಗೆ ಫೋನು ಹಿಡಿಯಲು ಒಂದು ಕೈಯಾದರೂ ಬಿಡುವಾಗಿರುತ್ತದೆ. ಅಡುಗೆಮನೆಯಲ್ಲಿ ಆ ಭಾಗ್ಯ ಎಲ್ಲಿಂದ ಬರಬೇಕು? ಬಲ ಹೆಗಲನ್ನು ಎತ್ತಿ, ತಲೆಯನ್ನು ಅದರ ಕಡೆ ವಾಲಿಸಿ, ನಡುವೆ ಫೋನನ್ನು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಸಾಸಿವೆ ಡಬ್ಬಿ. ಕೆನ್ನೆಯ ಪೂರ್ತಿ ಭಾರ ಪರದೆಯ ಮೇಲೆ. ಒಗ್ಗರಣೆ ಸಿಡಿಯಿತೆಂದು ಮುಖ ಸರಿಸಿದರೆ ಒಂದು ಗುಂಡಿ, ಸಾರಿನ ಉಪ್ಪು ನೋಡಲು ಬಾಯಿ ತೆರೆದರೆ ಇನ್ನೊಂದು.

ಅರಸೀಕೆರೆಯ ಚಿಕ್ಕಮ್ಮ ತಮ್ಮ ಮಂಡಿ ಆಪರೇಷನ್ನಿನ ಕಥೆ ಹೇಳುತ್ತಿದ್ದಾಗ ಕೆನ್ನೆ ಮ್ಯೂಟ್ ಒತ್ತಿತ್ತು. ನನ್ನ ಒಂದು ‘ಹೂಂ’ ಕೂಡ ಅವರಿಗೆ ಮುಟ್ಟಿಲ್ಲ. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. ನಡುವೆ ಬಾಯಿ ಹಾಕದೆ ಕೇಳುವವಳು ಇಡೀ ವಂಶದಲ್ಲಿ ನಾನೊಬ್ಬಳೇ ಎಂದು ಆಮೇಲೆ ನಮ್ಮ ಅಮ್ಮನ ಹತ್ತಿರ ಹೊಗಳಿದರಂತೆ. ನಾದಿನಿಯ ಪಾಲಿಗೆ ಹೋಲ್ಡ್ ಬಂತು. ಆಕೆ ತನ್ನ ಅತ್ತೆಯ ವಿಷಯ ಹೇಳಿಕೊಂಡು ಅಳುತ್ತಿದ್ದಾಗ, ನೀವು ಮಾತನಾಡುತ್ತಿರುವ ವ್ಯಕ್ತಿ ನಿಮ್ಮ ಕರೆಯನ್ನು ಹೋಲ್ಡ್‌ನಲ್ಲಿ ಇರಿಸಿದ್ದಾರೆ ಎಂದು ಯಾರೋ ನಯವಾದ ದನಿಯ ಹೆಣ್ಣುಮಗಳು ತಿಳಿಸಿದಳು. ತೀರಿಹೋದವರೊಬ್ಬರ ಮನೆಗೆ ಫೋನು ಮಾಡಿ ನಾಲ್ಕು ಸಮಾಧಾನದ ಮಾತು ಹೇಳೋಣವೆಂದರೆ, ಕೀಪ್ಯಾಡ್ ತೆರೆದುಕೊಂಡು ಪ್ರತಿ ಮಾತಿಗೂ ಟೂಂ, ಟೀಂ, ಟೂಂ.

ಬ್ಯಾಂಕಿನ ಸಹಾಯವಾಣಿಯಲ್ಲಂತೂ ಕಿವಿ ನನಗೆ ಮಾತಾಡಲೇ ಬಿಡಲಿಲ್ಲ. ಯಾವ ಭಾಷೆಗೆ ಯಾವ ಅಂಕಿ ಒತ್ತಬೇಕೆಂದು ನಾನು ಕಿವಿಗೊಟ್ಟು ಕೇಳುತ್ತಿದ್ದರೆ, ಕಿವಿ ಕೇಳುವುದರ ಜೊತೆಗೆ ಉತ್ತರವನ್ನೂ ಕೊಟ್ಟುಬಿಟ್ಟಿತು. ನನ್ನ ಉಳಿತಾಯ ಖಾತೆಯಲ್ಲಿ ಎಷ್ಟು ಉಳಿದಿದೆಯೆಂದು ನಾನು ಬಂಗಾಳಿಯಲ್ಲಿ ಕೇಳಿದೆ. ಮೊತ್ತ ಚಿಕ್ಕದು, ಬೇಗ ಮುಗಿಯಿತು.

ಮರ್ಯಾದೆ ಪೂರ್ತಿ ಹೋದದ್ದು ಮಾತ್ರ ಬೀಗಿತ್ತಿಯ ಮುಂದೆ. ಮಗಳ ಮದುವೆಯ ಮಾತುಕತೆ ಮುಗಿದು ಸೀರೆ ಲೆಕ್ಕಾಚಾರ ನಡೆಯುತ್ತಿತ್ತು. ವಾಟ್ಸಾಪ್ ಕರೆ. ತೂಕವಾಗಿ, ಬಹುವಚನದಲ್ಲಿ, ಅಳೆದು ಸುರಿದು ಮಾತಾಡುತ್ತಿದ್ದೆ. ಇದ್ದಕ್ಕಿದ್ದಂತೆ ಅವರ ದನಿ ಸ್ಪೀಕರಿನಲ್ಲಿ ಗಟ್ಟಿಯಾಗಿ ಕೇಳಿಸಿತು: “ಓಲೆ ಚೆನ್ನಾಗಿದೆ ಕಣ್ರೀ, ಹೊಸದಾ?” ಕೆನ್ನೆ ವಿಡಿಯೋ ಗುಂಡಿ ಒತ್ತಿದೆ, ಅವರು ಒಪ್ಪಿಕೊಂಡಿದ್ದಾರೆ, ಅವರ ಪರದೆಯ ತುಂಬ ನನ್ನ ಬಲಗಿವಿ! ಸದ್ಯ, ಅದಕ್ಕೆ ಹಿಂದಿನ ದಿನ ತಾನೇ ಸ್ನಾನವಾಗಿತ್ತು.

ಮನೆಯಲ್ಲಿ ಸಲಹೆಗೆ ಬರವಿಲ್ಲ. ಬ್ಯಾಟರಿ ಜಾಸ್ತಿಯಾಗಿದೆ, ಅದಕ್ಕೇ ಬೆಳಕು ಆರುತ್ತಿಲ್ಲ ಎಂದರು ನಮ್ಮ ಅತ್ತೆ. ಅವರು ಫೋನನ್ನು ಸದಾ ಸ್ಪೀಕರಿಗೆ ಹಾಕಿ ಗದ್ದದ ಮುಂದೆ ಹಿಡಿದು ಮಾತಾಡುವವರು. ಸ್ಪೀಕರಿಗೆ ಹಾಕಿದರೆ ಪರದೆ ಉರಿಯುವುದೇ ಸರಿ, ಅದು ರೋಗವಲ್ಲ ಎಂದು ಅವರಿಗೆ ತಿಳಿಸಿ ಹೇಳಲು ಹೋಗಲಿಲ್ಲ. ಯಜಮಾನರ ಪ್ರಕಾರ ತಪ್ಪು ನನ್ನ ಮಾತಿನದು. “ಎರಡು ನಿಮಿಷ ಮಾತಾಡು, ಅದೂ ಆರುತ್ತೆ” ಎಂದರು. ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿರುವ ಅಣ್ಣನ ಮಗನನ್ನು ಕೇಳಿದೆ.

“ಅತ್ತೆ, ರೀಸ್ಟಾರ್ಟ್ ಮಾಡಿದ್ರಾ?”

“ಮಾಡಿದೆ.”

“ಅಪ್‌ಡೇಟ್?”

“ಅದೂ ಆಯ್ತು.”

“ಹಾಗಾದ್ರೆ ಪ್ರಾಕ್ಸಿಮಿಟಿ ಸೆನ್ಸರ್ ನೋಡ್ಬೇಕು.”

ಕಿವಿಯಿಡುವ ಜಾಲರಿಯ ಪಕ್ಕದಲ್ಲಿ, ಗಾಜಿನಡಿ, ಸಾಸಿವೆಕಾಳಿಗಿಂತ ದೊಡ್ಡದಲ್ಲದ ಒಂದು ಕಣ್ಣಿದೆಯಂತೆ. ನಿಜ ಹೇಳಬೇಕೆಂದರೆ ಜೋಡಿ: ಒಂದು ಬೆಳಕು ಬಿಡುತ್ತದೆ, ಇನ್ನೊಂದು ಅದು ತಿರುಗಿ ಬಂತೇ ಎಂದು ಕಾಯುತ್ತದೆ. ಎದುರಿಗೆ ಕಿವಿ ಬಂದರೆ ಬೆಳಕು ಅದಕ್ಕೆ ತಾಗಿ ವಾಪಸು ಬರುತ್ತದೆ. ಸುಮಾರು 5 ಸೆಂಟಿಮೀಟರಿನೊಳಗೆ ಏನೋ ಇದೆ ಎಂದು ತಿಳಿದು ಫೋನು ಪರದೆ ಆರಿಸುತ್ತದೆ. ಬಂದದ್ದು ಕಿವಿಯೋ ಕುಂಬಳಕಾಯಿಯೋ ಅದಕ್ಕೆ ಬೇಡ. ಬಹಳಷ್ಟು ಫೋನುಗಳಲ್ಲಿ ಈ ಕಣ್ಣಿಗೆ ಬರುವುದು ಎರಡೇ ಮಾತು: ಹತ್ತಿರ, ದೂರ. ಕಪ್ಪು ಕೂದಲು ಅಡ್ಡ ಬಂದರೆ ಅದು ಬೆಳಕನ್ನು ನುಂಗಿಬಿಡುತ್ತದೆ, ಆಗಲೂ ಕಣ್ಣು ‘ದೂರ’ ಎನ್ನುತ್ತದೆ. ಶುಕ್ರವಾರ ತಲೆಗೆ ಎರೆದುಕೊಂಡು ಕೂದಲು ಹರಡಿಕೊಂಡು ಕೂತವರು ಇದನ್ನು ನೆನಪಿಡುವುದು ಒಳ್ಳೆಯದು. ಇನ್ನು ಪರದೆಯ ಕಥೆ ಬೇರೆಯೇ. ಗಾಜಿನ ಕೆಳಗೆ ಇಷ್ಟೇ ಇಷ್ಟು ವಿದ್ಯುತ್ತು ಹರಡಿಕೊಂಡಿರುತ್ತದೆ. ನೀರು, ಉಪ್ಪು ತುಂಬಿದ ನಮ್ಮ ಮೈ ಎಲ್ಲಿ ತಾಗಿದರೂ ಅಲ್ಲಿ ಏರುಪೇರಾಗುತ್ತದೆ, ಅದನ್ನೇ ‘ಒತ್ತಿದರು’ ಎಂದು ತಿಳಿಯುತ್ತದೆ. ಬೆರಳು, ಕಿವಿ, ಮೂಗು, ಕೆನ್ನೆ ಎಂಬ ಭೇದ ಇಲ್ಲ. ಪರದೆ ಶುದ್ಧ ಅದ್ವೈತಿ. ದ್ವೈತ ಕಾಯುವ ಹೊಣೆ ಪೂರ್ತಿ ಆ ಚಿಕ್ಕ ಕಣ್ಣಿನದು.

ಈ ಬೆಳಕು ನಮಗೆ ಕಾಣದ ಬೆಳಕು. ಮನುಷ್ಯರ ಕಣ್ಣು 700 ನ್ಯಾನೋಮೀಟರಿನ ಆಸುಪಾಸಿನ ಕೆಂಪಿಗೆ ಸುಸ್ತಾಗಿ ನಿಲ್ಲುತ್ತದೆ, ಇದು ಅದರಾಚೆಯದು. 1800ರಲ್ಲಿ ವಿಲಿಯಂ ಹರ್ಷಲ್ ಎಂಬಾತ ಬಿಸಿಲನ್ನು ಪಟ್ಟಕದಿಂದ ಒಡೆದು ಬಣ್ಣಬಣ್ಣಕ್ಕೂ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದ. ಕೆಂಪಿನ ಪಕ್ಕ, ಏನೂ ಬಣ್ಣವಿಲ್ಲದ ಜಾಗದಲ್ಲಿಟ್ಟ ಥರ್ಮಾಮೀಟರ್ ಎಲ್ಲಕ್ಕಿಂತ ಹೆಚ್ಚು ಏರಿತು. ಅವಕೆಂಪು ಸಿಕ್ಕಿದ್ದು ಹಾಗೆ. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದವನೂ ಇವನೇ. ಅದಕ್ಕೆ ಮುಂಚೆ ಇಂಗ್ಲೆಂಡಿನ ಬಾತ್ ಊರಿನ ಪ್ರಾರ್ಥನಾ ಮಂದಿರದಲ್ಲಿ ಆರ್ಗನ್ ನುಡಿಸುತ್ತಿದ್ದನಂತೆ. ಸಂಗೀತಗಾರ ಹುಡುಕಿದ ಬೆಳಕು ಕೊನೆಗೂ ಕಿವಿ ಕಾಯುವ ಕೆಲಸಕ್ಕೇ ಬಂತಲ್ಲ ಎಂದು ನನಗೊಂದು ಖುಷಿ.

ಈ ಕಣ್ಣಿನ ತೊಂದರೆ ಬಡವರ ಫೋನಿಗೇ ಎಂದು ತಿಳಿಯಬೇಡಿ. 2010ರಲ್ಲಿ ಐಫೋನ್ 4 ಬಂದಾಗ ಜಗತ್ತಿನ ದೊಡ್ಡ ದೊಡ್ಡವರ ಕೆನ್ನೆಗಳು ಹೀಗೇ ಕರೆ ಕತ್ತರಿಸಿ, ಮ್ಯೂಟ್ ಒತ್ತಿ ರಾದ್ಧಾಂತ ಮಾಡಿದ್ದವು. ಆ ಸೆಪ್ಟೆಂಬರಿನಲ್ಲಿ ಬಂದ ಐಓಎಸ್ 4.1ರಲ್ಲಿ ಅದನ್ನು ಸರಿಮಾಡಿದರು. ಈಗೀಗ ಕೆಲವು ಕಂಪನಿಗಳು ಈ ಕಣ್ಣನ್ನೇ ಕಿತ್ತುಹಾಕಿ, ನಮಗೆ ಕೇಳದ ಶಬ್ದ ಹೊರಡಿಸಿ ಅದರ ಪ್ರತಿಧ್ವನಿಯಿಂದ ಕಿವಿ ಎಲ್ಲಿದೆಯೆಂದು ಊಹಿಸುವ ಬಾವಲಿ ವಿದ್ಯೆ ಕಲಿಸಿವೆಯಂತೆ. ನನ್ನ ಫೋನಿನ ಕಂಪನಿ ಯಾವುದೆಂದು ಹೇಳುವುದಿಲ್ಲ. ಅದರಲ್ಲಿ ಕಣ್ಣಿದೆ, ಅಷ್ಟು ಸಾಕು.

“ಸೆನ್ಸರ್ ಸರಿಯಾಗೋವರೆಗೂ, ಅತ್ತೆ, ಕರೆ ಬಂದ ಕೂಡ್ಲೇ ಪಕ್ಕದ ಪವರ್ ಬಟನ್ ಒತ್ತಿ ಪರದೆ ಆರ್ಸ್ಕೊಳ್ಳಿ. ಮಾತು ಕಟ್ ಆಗಲ್ಲ” ಎಂದ ಅಣ್ಣನ ಮಗ. ಒಳ್ಳೆಯ ಉಪಾಯ. ಓರಗಿತ್ತಿಯ ಫೋನು ಬಂತು, “ಹೇಳಿ ಅಕ್ಕ” ಎಂದು ಬಟನ್ ಒತ್ತಿದೆ, ಕಟ್. ಅವರೇ ಮತ್ತೆ ಮಾಡಿದರು, ಮತ್ತೆ ಕಟ್. ಹೋದ ಗೌರಿಹಬ್ಬದ ಬಾಗಿನದ ವಿಷಯ ಇನ್ನೂ ನಮ್ಮಿಬ್ಬರ ನಡುವೆ ಹಸಿಯಾಗಿರುವಾಗ ಇದನ್ನು ಅವರು ಹೇಗೆ ತೆಗೆದುಕೊಂಡಿರಬೇಕು ನೀವೇ ಯೋಚಿಸಿ. ಪವರ್ ಬಟನ್ ಒತ್ತಿದರೆ ಕರೆ ಮುಗಿಯಲಿ ಎಂಬ ಸೆಟ್ಟಿಂಗ್ ಒಂದಿದೆ. ಅದನ್ನು ನಮ್ಮ ಯಜಮಾನರು ಯಾವಾಗಲೋ, ನನ್ನ ಅನುಕೂಲಕ್ಕೆಂದೇ, ಆನ್ ಮಾಡಿಟ್ಟಿದ್ದರು.

ಈ ಪ್ರಸಂಗವಾದ ಮೇಲೆ ಅವರು ಸ್ವಲ್ಪ ಮೆತ್ತಗಾಗಿ ತನಿಖೆಗೆ ಇಳಿದರು. ಟಿವಿ ರಿಮೋಟಿನ ಮೂತಿಯನ್ನು ಫೋನಿನ ಕ್ಯಾಮೆರಾದಲ್ಲಿ ನೋಡುತ್ತ ಗುಂಡಿ ಒತ್ತಿದರೆ ಒಂದು ನೇರಳೆ ಚುಕ್ಕಿ ಮಿನುಗುತ್ತದೆ. ಬರಿಗಣ್ಣಿಗೆ ಕಾಣದ್ದು ಎಷ್ಟೋ ಕ್ಯಾಮೆರಾಗಳಿಗೆ ಕಾಣುತ್ತದೆ. ಫೋನಿನ ಕಣ್ಣನ್ನೂ ಹಾಗೇ ಹಿಡಿಯಬಹುದು ಎಂದು ಅಣ್ಣನ ಮಗ ಹೇಳಿದ್ದ. ರಾತ್ರಿ ದೀಪ ಆರಿಸಿ, ನಡುಮನೆಯಲ್ಲಿ ನಾವಿಬ್ಬರೂ ತಲೆಗೆ ತಲೆ ತಾಗಿಸಿ ಕೂತೆವು. ಮೊದಲು ಅವರ ಫೋನಿಗೆ ಕರೆ ಮಾಡಿ ನನ್ನ ಕ್ಯಾಮೆರಾದಲ್ಲಿ ನೋಡಿದೆವು. ಜಾಲರಿಯ ಪಕ್ಕ ಸೂಜಿಮೊನೆಯಷ್ಟು ಚುಕ್ಕಿ ಪಟಪಟ ಮಿಡಿಯುತ್ತಿತ್ತು. ಆಮೇಲೆ ನನ್ನದನ್ನು ಅವರ ಕ್ಯಾಮೆರಾದಲ್ಲಿ ನೋಡಿದರೆ ಬರೀ ಕತ್ತಲು. ನೀರು ಕುಡಿಯಲು ಎದ್ದುಬಂದ ಅತ್ತೆ, ಕತ್ತಲಲ್ಲಿ ಪಕ್ಕಪಕ್ಕ ಕೂತ ನಮ್ಮನ್ನು ನೋಡಿ, ಏನೂ ಕೇಳದೆ ಹಾಗೇ ಹಿಂದಕ್ಕೆ ಹೋದರು.

“ಸೆನ್ಸರ್ ಸತ್ತಿದೆ” ಎಂದು ಯಜಮಾನರು ಷರಾ ಬರೆದರು.

ಮಾರನೆಯ ದಿನ ಅರಸು ರಸ್ತೆಯ ಕಡೆ ಹೋದೆ. ಮೊದಲ ಅಂಗಡಿ ಎಸಿ ಹಾಕಿದ್ದು. ಕೌಂಟರಿನ ಹುಡುಗ ಫೋನನ್ನು ಕೈಗೂ ತೆಗೆದುಕೊಳ್ಳದೆ, “ಡಿಸ್ಪ್ಲೇ ಹೋಗಿದೆ ಮೇಡಂ, ಕಾಂಬೋನೇ ಹಾಕ್ಬೇಕು, ನಾಲ್ಕೂವರೆ ಸಾವಿರ” ಎಂದ. ಉರಿಯುತ್ತಲೇ ಇರುವ ಡಿಸ್ಪ್ಲೇ ಹೋಗಿದೆ ಎನ್ನುವವನ ಜೊತೆ ವಾದ ಹೂಡಲು ನನಗೆ ತ್ರಾಣವಿರಲಿಲ್ಲ.

ಎರಡನೆಯದು ಸಂದಿಯೊಳಗಿನ ಗೂಡಂಗಡಿ. ವಯಸ್ಸಾದ ಸಾಹೇಬರು, ಹಣೆಗೆ ಭೂತಗನ್ನಡಿ ಕಟ್ಟಿಕೊಂಡಿದ್ದರು. ಫೋನನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ ಕೇಳಿದರು:

“ಈ ಗಾರ್ಡ್ ಎಲ್ಲಿ ಹಾಕಿಸಿದ್ದಮ್ಮಾ?”

“ನಮ್ಮ ಮನೆಯವರು ತಂದು ಅಂಟಿಸಿದ್ದು. ಸರ್ಕಲ್ಲಿನಲ್ಲಿ ತಳ್ಳುಗಾಡಿಯವನ ಹತ್ತಿರ ನೂರು ರೂಪಾಯಿ. ಇಲೆವೆನ್ ಡಿ ಅಂತೆ.”

ಐನ್‌ಸ್ಟೀನ್ ನಾಲ್ಕು ಆಯಾಮಕ್ಕೆ ನಿಲ್ಲಿಸಿದರು. ನಮ್ಮ ತಳ್ಳುಗಾಡಿಗಳಲ್ಲಿ ಹನ್ನೊಂದು ಹಳೆಯದಾಗಿ ಇಪ್ಪತ್ತೊಂದು ಬಂದಿದೆ. ಸಾಹೇಬರು ನಗಲಿಲ್ಲ. ಗಾಜಿನ ಅಂಚಿನ ಕಪ್ಪು ಪಟ್ಟಿಯನ್ನು ಉಗುರಿನಿಂದ ತೋರಿಸಿದರು. ಬೇರೆ ಮಾಡೆಲ್ಲಿನ ಗಾರ್ಡು. ಕ್ಯಾಮೆರಾಕ್ಕೆ ಹೇಗೋ ಹೊಂದಿಕೊಂಡಿತ್ತು, ಸೆನ್ಸರಿನ ಜಾಗಕ್ಕೆ ಸರಿಯಾಗಿ ಕಪ್ಪು ಬಣ್ಣ ಕೂತಿತ್ತು. ಹೋಗುವ ಬೆಳಕೂ ಹೋಗದು, ಬರುವ ಬೆಳಕೂ ಬಾರದು. ಕಣ್ಣಿಗೆ ಬಟ್ಟೆ ಕಟ್ಟಿದ ಮೇಲೆ ಅದು ಎಲ್ಲರನ್ನೂ ‘ದೂರ’ ಎನ್ನದೆ ಇನ್ನೇನು ಎಂದೀತು!

ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿಯನ್ನು ಮೂಲೆಗೆ ತೂರಿಸಿ ಮೆಲ್ಲಗೆ ಎಬ್ಬಿಸಿದರು. ಚರ್ ಎಂದು ಎದ್ದು ಬಂತು. ಅದರಡಿಯಲ್ಲಿ, ಜಾಲರಿಯ ಉದ್ದಕ್ಕೂ, ಕಂದುಬಣ್ಣದ ಒಂದು ಗೆರೆ. ಕೊಬ್ಬರಿ ಎಣ್ಣೆ, ಪೌಡರು, ಅರಿಸಿನ, ಒಗ್ಗರಣೆಯ ಜಿಡ್ಡು ಎಲ್ಲ ಸೇರಿ ಗಟ್ಟಿಯಾದದ್ದು. ಒಂದು ವರ್ಷದ ನಮ್ಮ ಮನೆಯ ಅಡುಗೆಯನ್ನು ಅದರಿಂದಲೇ ಹೇಳಬಹುದಿತ್ತು. ಹಲ್ಲುಜ್ಜುವ ಹಳೆಯ ಬ್ರಷ್ಷಿಗೆ ಸ್ಪಿರಿಟ್ಟಿನಂಥದ್ದೇನೋ ಎರಡು ಹನಿ ಸೋಕಿಸಿ, ಜಾಲರಿಯೊಳಕ್ಕೆ ಇಳಿಯದಂತೆ ಫೋನನ್ನು ತಲೆಕೆಳಗಾಗಿ ಹಿಡಿದು ಉಜ್ಜಿದರು, ಮೆತ್ತನೆಯ ಬಟ್ಟೆಯಿಂದ ಒರೆಸಿದರು. ತಮ್ಮ ಫೋನಿನಿಂದ ಕರೆ ಮಾಡಿ ನನ್ನ ಫೋನಿನ ಮೇಲೆ ಅಂಗೈ ಅಡ್ಡ ಹಿಡಿದರು: ಕಪ್ಪು. ತೆಗೆದರು: ಬೆಳಕು.

“ಎಷ್ಟು ಕೊಡಲಿ?”

“ಒರೆಸಿದ್ದಕ್ಕೆಲ್ಲ ಏನಮ್ಮಾ ಕೊಡ್ತೀರಿ. ಮುಂದೆ ಹಾಕಿಸೋದಾದ್ರೆ ಮಾಡೆಲ್ ನಂಬರ್ ನೋಡಿ ಹಾಕ್ಸಿ.” ಬಲವಂತಕ್ಕೆ ಇಪ್ಪತ್ತು ರೂಪಾಯಿ ತೆಗೆದುಕೊಂಡರು, ಅದರಲ್ಲಿ ಇಬ್ಬರಿಗೂ ಟೀ ತರಿಸಿದರು.

ವಿದ್ಯೆ ಕಲಿತವಳು ಸುಮ್ಮನಿರುತ್ತೇನೆಯೇ? ಎದುರುಮನೆಯ ರಿಟೈರಾದ ಮೇಷ್ಟ್ರ ಫೋನಿಗೆ ಇದರ ತದ್ವಿರುದ್ಧ ಕಾಯಿಲೆ. ಕರೆ ಎತ್ತಿದ ತಕ್ಷಣ ಪರದೆ ಕಪ್ಪಾಗುತ್ತದೆ, ಆಮೇಲೆ ಏನು ಮಾಡಿದರೂ ಏಳುವುದಿಲ್ಲ, ಇಡಲು ಕೆಂಪು ಗುಂಡಿಯೇ ಕಾಣುವುದಿಲ್ಲ. ಅವರ ಗಾರ್ಡೂ ಅದೇ ತಳ್ಳುಗಾಡಿಯದು. ಹೊರಟ ಬೆಳಕು ಗಾಜು, ಅಂಟು, ಜಿಡ್ಡಿಗೇ ತಾಗಿ ತಿರುಗಿ ಬಂದರೆ, ಕಣ್ಣು ಸದಾ ಯಾರೋ ಹತ್ತಿರ ಇದ್ದಾರೆ ಎಂದುಕೊಳ್ಳುತ್ತದೆ. ಎರಡು ನಿಮಿಷದ ಕೆಲಸ. ಹಳೆಯ ಬ್ರಷ್ಷು ಹಿಡಿದುಕೊಂಡೇ ಹೋದೆ.

ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ನನ್ನನ್ನು ತಡೆದು, ಅಡುಗೆಮನೆಗೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ ಹೇಳಿದರು: “ಅದನ್ನ ಮುಟ್ಬೇಡಿ ನಿಮ್ಮ ದಮ್ಮಯ್ಯ. ಮೊದ್ಲೆಲ್ಲ ಫೋನ್ ಇಟ್ಟ ತಕ್ಷಣ ಮಾತಾಡಿದವರ ಜಾತಕ ಬಿಚ್ತಿದ್ರು. ಒಂದ್ಸಲ ಕಟ್ ಆಗಿಲ್ದೆ ಅವರ ಷಡ್ಡಕರು ಎಲ್ಲಾ ಕೇಳಿಸ್ಕೊಂಡ್ಬಿಟ್ರು ನೋಡಿ, ಅವತ್ತಿಂದ ಇಟ್ಟಾದ ಮೇಲೂ ಐದು ನಿಮಿಷ, ಪಾಪ ಒಳ್ಳೆ ಮನುಷ್ಯ, ಒಳ್ಳೆ ಮನುಷ್ಯ ಅಂತಿರ್ತಾರೆ. ಕಾಫಿ ಕುಡ್ಕೊಂಡು ಹೋಗಿ.”