ಗುಜರಿ ಪಾಲಾಗುವ ಗೇಮ್ ರಿಮೋಟು

"ಮಾವ, ಅದನ್ನ ಗುಜರಿ ಚೀಲಕ್ಕೆ ಹಾಕ್ಬೇಡಿ. ಬೇಲಿ ಮೇಲಿಂದ ಇತ್ಲಾಗೆ ಕೊಡಿ."

"ಇದಾ? ಮೊಮ್ಮಗನ ಟಿವಿ ಗೇಮಿಂದು ಕಣಪ್ಪ. ಗೇಮು ಕೆಟ್ಟು ಕೂತು ಎಷ್ಟೋ ಕಾಲ ಆಯ್ತು. ಬರೀ ರಿಮೋಟು ಇಟ್ಕೊಂಡು ಏನ್ ಮಾಡ್ತೀಯ?"

"ಹಳೇ ಕಂಪ್ಯೂಟರಿಗೆ ಜೋಡಿಸ್ತೀನಿ ಮಾವ. ಒಳಗಿರೋ ಗುಂಡಿ, ರಬ್ಬರು, ವೈರು ಎಲ್ಲಾ ಗಟ್ಟಿಯಾಗೇ ಇವೆ."

ಇಂಥ ರಿಮೋಟು ನಮ್ಮ ಡೆಂಕಣಿಕೋಟೆಯ ಎಷ್ಟು ಮನೆಗಳಲ್ಲಿ ಬಿದ್ದಿದೆಯೋ ಹೇಳಲಾಗದು. ಬೇಟರಾಯಸ್ವಾಮಿ ತೇರಿನ ಅಂಗಡಿ ಸಾಲಿನಲ್ಲಿ ಕೊಂಡವರಿದ್ದಾರೆ, ಹೊಸೂರಿನಿಂದ ತಂದವರಿದ್ದಾರೆ, ಬೆಂಗಳೂರಿನ ಎಸ್.ಪಿ. ರೋಡಿಗೇ ಹೋಗಿ ಚೌಕಾಸಿ ಮಾಡಿ ತಂದವರೂ ಇದ್ದಾರೆ. ಕೆಲವದರ ಮೇಲೆ ಸಮುರಾಯ್, ಲಿಟಲ್ ಮಾಸ್ಟರ್ ಅಂತ ಹೆಸರು, ಮಿಕ್ಕವಕ್ಕೆ ಹೆಸರೇ ಇಲ್ಲ. ಮೂಲ ಮಾತ್ರ ಎಲ್ಲಕ್ಕೂ ಒಂದೇ: 1983ರ ಜುಲೈ 15ರಂದು ಜಪಾನಿನಲ್ಲಿ ನಿಂಟೆಂಡೊ ಮಾರಾಟಕ್ಕೆ ಬಿಟ್ಟ ಫ್ಯಾಮಿಕಾಮ್. ಅದರ ನಕಲುಗಳೇ ನಮ್ಮೂರಿಗೆ 'ಟಿವಿ ಗೇಮ್' ಆಗಿ ಬಂದವು. 2006ರಲ್ಲಿ ತಮಿಳುನಾಡು ಸರ್ಕಾರ 14 ಇಂಚಿನ ಬಣ್ಣದ ಟಿವಿ ಪುಕ್ಕಟೆ ಹಂಚಲು ಶುರು ಮಾಡಿದ ಮೇಲಂತೂ ಈ ಆಟಕ್ಕೆ ಬೇಕಾದ ಪರದೆ ಬಡವರ ಮನೆಗೂ ಬಂತು. ಕನ್ನಡ, ತೆಲುಗು, ತಮಿಳು, ಉರ್ದು ಆಡುವ ಹುಡುಗರು ಒಂದೇ ಟಿವಿ ಮುಂದೆ ಕೂತು ಒಂದೇ ರಿಮೋಟಿಗೆ ಕಿತ್ತಾಡಿದ ಬೀದಿ ನಮ್ಮದು.

ಇದನ್ನು ಬರೀ ಆಟಿಕೆ ಅಂತ ತಳ್ಳಿಹಾಕುವವರಿಗೆ ಒಂದು ವಿಷಯ ಹೇಳಬೇಕು. ಫ್ಯಾಮಿಕಾಮಿನ ಮಿದುಳು 6502 ಎಂಬ ಪ್ರೊಸೆಸರಿನ ವಂಶದ್ದು. 1975ರಲ್ಲಿ ಮೊಸ್ ಟೆಕ್ನಾಲಜಿ ಕಂಪನಿ ಅದನ್ನು 25 ಡಾಲರಿಗೆ ಮಾರಲು ಹೊರಟಾಗ ಬೇರೆ ಕಂಪನಿಗಳ ಪ್ರೊಸೆಸರುಗಳ ಬೆಲೆ ಅದರ ಹಲವು ಪಟ್ಟು ಇತ್ತು. ಆಪಲ್ 2ರಲ್ಲಿ ಅದೇ ಇತ್ತು. 1982ರ ಕಮೊಡೋರ್ 64ರಲ್ಲಿ ಅದರ ತಮ್ಮ 6510 ಇತ್ತು. 1984ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊದಲ್ಲೂ ಅದೇ 6502. ಅಂದರೆ ತೇರಿನ ಅಂಗಡಿಯ ಟಿವಿ ಗೇಮೂ ಶಾಲೆಯ ಬೀಗ ಹಾಕಿದ ಕೋಣೆಯಲ್ಲಿದ್ದ ಕಂಪ್ಯೂಟರೂ ದಾಯಾದಿಗಳು. 2008ರಲ್ಲಿ ಡೆರೆಕ್ ಲೋಮಸ್ ಎಂಬ ಅಮೆರಿಕದ ವಿದ್ಯಾರ್ಥಿ ಬೆಂಗಳೂರಿನಲ್ಲಿ ಸುಮಾರು 12 ಡಾಲರಿಗೆ ಸಿಗುತ್ತಿದ್ದ ಕೀಬೋರ್ಡ್ ಸಮೇತದ ಟಿವಿ ಗೇಮಿನ ಮಾತೆತ್ತಿ, ಮಕ್ಕಳಿಗೆ ಓದು ಕಲಿಸುವ ಕಂಪ್ಯೂಟರಾಗಿ ಇದನ್ನೇ ಬಳಸಬಹುದು ಅಂತ ಎಂಐಟಿಯ ಶಿಬಿರದಲ್ಲಿ ಕೆಲಸ ಶುರು ಮಾಡಿದರು. ಪ್ಲೇಪವರ್ ಅಂತ ಆ ಯೋಜನೆಯ ಹೆಸರು. ನಮ್ಮ ಪಕ್ಕದ ಪೇಟೆಯಲ್ಲಿ ಬಿದ್ದಿದ್ದ ವಸ್ತುವಿನ ಬೆಲೆ ದೂರದಿಂದ ಬಂದವರ ಕಣ್ಣಿಗೆ ಬಿತ್ತು.

"ಅದೆಲ್ಲ ಸರಿ, ಈ ರಿಮೋಟು ಆ ಕಂಪ್ಯೂಟರಿಗೆ ಹೆಂಗಪ್ಪ ಆಗ್ತದೆ? ಚುಚ್ಚಿದ್ರೆ ಸಾಕಾ?"

ಚುಚ್ಚಬಾರದು. ಮೊದಲು ತಿಳಿಯಬೇಕಾದ ಮಾತೇ ಇದು. ಎಷ್ಟೋ ಟಿವಿ ಗೇಮ್ ರಿಮೋಟುಗಳ ತುದಿಯಲ್ಲಿ ಒಂಬತ್ತು ತೂತಿನ ಪ್ಲಗ್ಗು ಇರುತ್ತೆ. ಕಮೊಡೋರಿನ ಮಗ್ಗುಲಲ್ಲಿ ಒಂಬತ್ತು ಪಿನ್ನಿನ ಸಾಕೆಟ್ಟು ಇರುತ್ತೆ. ಎರಡೂ ಸಲೀಸಾಗಿ ಕೂರುತ್ತವೆ, ಒಳಗಿನ ಲೆಕ್ಕ ಮಾತ್ರ ಪೂರಾ ಬೇರೆ.

ಟಿವಿ ಗೇಮಿನ ರಿಮೋಟು ಬಿಚ್ಚಿದರೆ ಹಸಿರು ಅಥವಾ ಕಂದು ಬೋರ್ಡಿನ ಮೇಲೆ ಒಂದು ಕಪ್ಪು ಅಂಟಿನ ಗುಡ್ಡೆ ಕಾಣುತ್ತೆ. ಅದರಡಿ ಇರುವುದು ಒಂದು ಚಿಪ್ಪು. ನಿಂಟೆಂಡೊದ ಅಸಲಿ ರಿಮೋಟುಗಳಲ್ಲಿ ಈ ಕೆಲಸಕ್ಕೆ 4021 ಎಂಬ ಚಿಪ್ಪು ಹಾಕುತ್ತಿದ್ದರು. ಎಂಟು ಗುಂಡಿಗಳಲ್ಲಿ ಯಾವುದು ಒತ್ತಿದೆ ಅನ್ನುವುದನ್ನು ಅದು ಒಂದಾದಮೇಲೊಂದರಂತೆ ಒಂದೇ ವೈರಿನಲ್ಲಿ ಕಳಿಸುತ್ತೆ. ಅದಕ್ಕೇ ಇದರ ಕೇಬಲ್ಲಿನಲ್ಲಿ ಐದೇ ವೈರು: ಕರೆಂಟು, ಗ್ರೌಂಡು, ಇನ್ನು ಮೂರು ಮಾತಾಡುವ ವೈರು.

ಹಳೇ ಹೋಮ್ ಕಂಪ್ಯೂಟರುಗಳ ಜಾಯ್‌ಸ್ಟಿಕ್ಕಿನಲ್ಲಿ ಚಿಪ್ಪೇ ಇಲ್ಲ. 1977ರಲ್ಲಿ ಅಟಾರಿ ಕಂಪನಿ ತನ್ನ ವಿಡಿಯೋ ಗೇಮಿಗೆ ಹಾಕಿದ ವ್ಯವಸ್ಥೆಯನ್ನೇ ಕಮೊಡೋರ್, ಅಮಿಗ, ಅಟಾರಿ ಎಸ್‌ಟಿ ಎಲ್ಲಾ ಮುಂದುವರಿಸಿದವು. ಒಂದೊಂದು ದಿಕ್ಕಿಗೆ ಒಂದೊಂದು ವೈರು. ಒತ್ತಿದರೆ ಆ ವೈರು ಗ್ರೌಂಡಿಗೆ ತಾಕುತ್ತೆ, ಬಿಟ್ಟರೆ ಬೇರೆಯಾಗುತ್ತೆ. ನಮ್ಮ ಬಾಗಿಲ ಕಾಲಿಂಗ್ ಬೆಲ್ಲಿನ ಸ್ವಿಚ್ಚು ಮಾಡುವುದೂ ಇಷ್ಟೇ. ಪಿನ್ 1 ಮೇಲೆ, 2 ಕೆಳಗೆ, 3 ಎಡ, 4 ಬಲ, 6 ಗುಂಡು ಹಾರಿಸುವ ಗುಂಡಿ, 8 ಗ್ರೌಂಡು. ಆರು ವೈರಿನಲ್ಲಿ ಕಥೆ ಮುಗೀತು.

ಹಾಗಾದರೆ ರಿಮೋಟನ್ನು ಬದಲಾಯಿಸುವುದು ಅಂದರೆ ಆ ಕಪ್ಪು ಗುಡ್ಡೆಯನ್ನು ದಾರಿಯಿಂದ ಸರಿಸಿ, ಗುಂಡಿಗಳಿಂದ ನೇರವಾಗಿ ವೈರು ಎಳೆಯುವುದು. ಹಿಂದಿನ ಸ್ಕ್ರೂ ಬಿಚ್ಚಿ. ರಬ್ಬರಿನ ಹಾಳೆ ಎತ್ತಿದರೆ ಅದರ ತಳದಲ್ಲಿ ಕಪ್ಪು ಬೊಟ್ಟುಗಳು ಕಾಣುತ್ತವೆ, ಅವು ಇಂಗಾಲ. ಒತ್ತಿದಾಗ ಬೋರ್ಡಿನ ಎರಡು ಗೆರೆಗಳನ್ನು ಸೇರಿಸುವುದು ಆ ಬೊಟ್ಟೇ. ಪ್ರತಿ ಗುಂಡಿಯ ಒಂದು ಗೆರೆ ಎಲ್ಲಕ್ಕೂ ಸಾಮಾನ್ಯವಾದ ಗ್ರೌಂಡಿಗೆ ಹೋಗುತ್ತೆ, ಇನ್ನೊಂದು ಚಿಪ್ಪಿಗೆ ಹೋಗುತ್ತೆ. ಚಿಪ್ಪಿಗೆ ಹೋಗುವ ದಾರಿಯನ್ನು ಬ್ಲೇಡಿನಿಂದ ಕೊಯ್ದು, ಗುಂಡಿಯ ಕಡೆ ಉಳಿದ ಗೆರೆಯ ಮೇಲಿನ ಬಣ್ಣವನ್ನು ಮೆಲ್ಲಗೆ ಕೆರೆಯಬೇಕು. ಕೆಳಗೆ ತಾಮ್ರ ಹೊಳೆದ ಜಾಗಕ್ಕೆ ಬೆಸುಗೆ. ಇಂಗಾಲ ಬಳಿದ ಕಪ್ಪು ಜಾಗದ ಮೇಲೆ ಬೆಸುಗೆ ನಿಲ್ಲುವುದಿಲ್ಲ, ಅಲ್ಲಿ ಬೆಸುಗೆಯ ಐರನ್ ಒತ್ತಿ ಹಿಡಿದರೆ ಗುಂಡಿಯೇ ಹಾಳು. 25 ವ್ಯಾಟಿನ ಐರನ್ ಸಾಕು. ಜಾಸ್ತಿ ಬಿಸಿಯಾದರೆ ಅಗ್ಗದ ಬೋರ್ಡಿನ ತಾಮ್ರ ಸಿಪ್ಪೆ ಎದ್ದುಬಿಡುತ್ತೆ. ಬೆಸುಗೆಯಲ್ಲಿ ಸೀಸ ಇರುತ್ತೆ, ಕೆಲಸ ಆದಮೇಲೆ ಕೈ ತೊಳೆಯಲೇಬೇಕು.

ಈ ರಿಮೋಟಿನಲ್ಲಿ ಇನ್ನೊಂದು ದೊಡ್ಡ ಅನುಕೂಲ ಇದೆ. ಕಮೊಡೋರಿನ ಎಷ್ಟೋ ಆಟಗಳಲ್ಲಿ ನೆಗೆಯಬೇಕಾದರೆ ಜಾಯ್‌ಸ್ಟಿಕ್ಕನ್ನು ಮೇಲಕ್ಕೆ ತಳ್ಳಬೇಕು. ಹೆಬ್ಬೆರಳಿಗೆ ಅದು ಹಿಂಸೆ. ನಮ್ಮ ರಿಮೋಟಿನಲ್ಲಿ ಎ, ಬಿ ಅಂತ ಎರಡು ಗುಂಡಿ ಇವೆ. ಒಂದನ್ನು ಪಿನ್ 6ಕ್ಕೆ ಕೊಟ್ಟು, ಇನ್ನೊಂದರ ವೈರನ್ನು 'ಮೇಲೆ'ಯ ಪಿನ್ 1ಕ್ಕೇ ಸೇರಿಸಿದರೆ ನೆಗೆತಕ್ಕೆ ಬೇರೆ ಗುಂಡಿಯೇ ಸಿಕ್ಕಿತು. ಅಂಗಡಿಯಿಂದ ಬಂದ ಜಾಯ್‌ಸ್ಟಿಕ್ಕಿಗಿಂತ ಮನೆಯಲ್ಲಿ ತಿದ್ದಿದ ರಿಮೋಟು ಮೇಲು ಅಂತ ನಾನು ಹೇಳುವುದು ಇದಕ್ಕೇ. ಒತ್ತಿ ಹಿಡಿದರೆ ತಾನೇ ಪಟಪಟ ಒತ್ತುವ ಟರ್ಬೊ ಗುಂಡಿಗಳು ಮಾತ್ರ ಚಿಪ್ಪಿನ ಜೊತೆಗೇ ಹೋಗುತ್ತವೆ.

"ಐದು ವೈರಿನ ಕೇಬಲ್ಲು ಅಂದೆ, ಆರು ಬೇಕು ಅಂತೀಯ. ಎಲ್ಲಿಂದ ತರ್ತೀಯ?"

ಮಾವ ಸರಿಯಾದ ಕಡೆಯೇ ಕೈ ಇಟ್ಟರು. ಕೇಬಲ್ಲಿಗೆ ನಮ್ಮ ಸೀಮೆಯಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ. ಹೊಸೂರಿನ ಸಿಪ್ಕಾಟ್ ಕಾರ್ಖಾನೆಗಳಿಂದ ಹಳೇ ಸಾಮಾನು ಗುಜರಿಗೆ ಬರುತ್ತಲೇ ಇರುತ್ತೆ. ಯಂತ್ರಗಳಿಗೂ ಕಂಪ್ಯೂಟರಿಗೂ ಜೋಡಿಸುತ್ತಿದ್ದ ಸೀರಿಯಲ್ ಕೇಬಲ್ಲಿನ ತುದಿಯಲ್ಲಿ ಇದೇ ಒಂಬತ್ತು ತೂತಿನ ಪ್ಲಗ್ಗು ಇರುತ್ತೆ. ತೂಕದ ಲೆಕ್ಕದಲ್ಲಿ ಸಿಕ್ಕಿಬಿಡುತ್ತೆ. ಕತ್ತರಿಸಿ, ಮಲ್ಟಿಮೀಟರಿನ ಬೀಪ್ ಸದ್ದು ಹಿಡಿದು, ಯಾವ ಬಣ್ಣದ ವೈರು ಯಾವ ತೂತಿಗೆ ಅಂತ ಬರೆದುಕೊಳ್ಳಬೇಕು. ಬಣ್ಣ ನಂಬುವ ಹಾಗಿಲ್ಲ, ಒಂದು ಕೇಬಲ್ಲಿನ ಕೆಂಪು ಇನ್ನೊಂದರಲ್ಲಿ ಬೇರೆ ಪಿನ್ನಿಗೆ ಹೋಗಿರುತ್ತೆ. ಕೆಲವು ಕೇಬಲ್ಲುಗಳಲ್ಲಿ ಒಂಬತ್ತೂ ವೈರು ಇರುವುದಿಲ್ಲ. ಪಿನ್ 7ರಲ್ಲಿ ಕಮೊಡೋರ್ 5 ವೋಲ್ಟ್ ಕೊಡುತ್ತೆ. ನಮಗೆ ಅದು ಬೇಡ, ಆ ವೈರನ್ನು ಗಿಡ್ಡ ಕತ್ತರಿಸಿ ಟೇಪು ಸುತ್ತಿ. ಅದು ಗ್ರೌಂಡಿಗೆ ತಾಕಿದರೆ ಕಂಪ್ಯೂಟರಿಗೇ ಪೆಟ್ಟು. ತಿದ್ದಿದ ರಿಮೋಟನ್ನು ಹಳೇ ಪಿಸಿಯ ಸೀರಿಯಲ್ ಪೋರ್ಟಿಗೂ ಚುಚ್ಚಬಾರದು, ಆಕಾರ ಒಂದೇ, ವೋಲ್ಟೇಜು ಬೇರೆ.

ಸೆಗಾ ಮೆಗಾ ಡ್ರೈವಿನ ರಿಮೋಟು ಸಿಕ್ಕಿದರೂ ಇದೇ ಎಚ್ಚರಿಕೆ. ಅದರ ಚಿಪ್ಪಿಗೆ ಕರೆಂಟು 5ನೇ ಪಿನ್ನಿನಲ್ಲಿ ಬೇಕು, ಕಮೊಡೋರ್ ಕೊಡುವುದು 7ನೆಯದರಲ್ಲಿ. ಕಮೊಡೋರಿನಲ್ಲಿ ಕೀಬೋರ್ಡನ್ನೂ ಜಾಯ್‌ಸ್ಟಿಕ್ಕನ್ನೂ ನೋಡಿಕೊಳ್ಳುವುದು ಸಿಐಎ ಎಂಬ ಒಂದೇ ಚಿಪ್ಪು. ತಪ್ಪು ವೈರಿಂಗಿನಿಂದ ಅದು ಸತ್ತರೆ ಕೀಲಿಗಳೂ ಸತ್ತಂತೆ. ಹಾಗಾಗಿ ವೈರಿಂಗ್ ಬದಲಾಯಿಸದೆ ಚುಚ್ಚಬೇಡಿ.

ಬೆಸುಗೆ ಸರಿಯಾಗಿದೆಯೋ ಇಲ್ಲವೋ ನೋಡಲು ಆಟ ಹಾಕಬೇಕಾಗಿಲ್ಲ. ಎರಡನೇ ಪೋರ್ಟಿಗೆ ಚುಚ್ಚಿ, ಬೇಸಿಕ್‌ನಲ್ಲಿ ಪ್ರಿಂಟ್ ಪೀಕ್(56320) ಅಂತ ಕೇಳಿದರೆ ಸುಮ್ಮನಿದ್ದಾಗ 127 ಬರುತ್ತೆ. ಮೇಲೆ ಒತ್ತಿದರೆ 126, ಕೆಳಗೆ 125, ಎಡ 123, ಬಲ 119, ಗುಂಡು ಹಾರಿಸಿದರೆ 111. ಒಂದೊಂದು ಸ್ವಿಚ್ಚು 1, 2, 4, 8, 16 ಕಳೆಯುತ್ತೆ. ಕಂಪ್ಯೂಟರು ಲೆಕ್ಕ ಇಡುವ ಬಗೆ ಹುಡುಗರಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ.

ಸಿಂಕ್ಲೇರ್ ಸ್ಪೆಕ್ಟ್ರಮ್ ಇದ್ದವರ ದಾರಿ ಸ್ವಲ್ಪ ಬೇರೆ. 1986ರಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಲೈಸೆನ್ಸ್ ಪಡೆದು 'ಡಿಬಿ ಸ್ಪೆಕ್ಟ್ರಮ್ ಪ್ಲಸ್' ಅಂತ ಭಾರತದಲ್ಲೇ ಮಾರಿದ್ದರಿಂದ ಅದು ನಮ್ಮ ದೇಶದ ಮನೆಗಳಿಗೂ ಬಂತು. ಅದಕ್ಕೆ ಜಾಯ್‌ಸ್ಟಿಕ್ ಸಾಕೆಟ್ಟೇ ಇಲ್ಲ, ಹಿಂದಿನ ಅಂಚಿಗೆ ಕೆಂಪ್‌ಸ್ಟನ್ ಇಂಟರ್‌ಫೇಸ್ ಸಿಕ್ಕಿಸಬೇಕು. ಅದರ ಸಾಕೆಟ್ಟಿಗೆ ನಮ್ಮ ಆರು ವೈರಿನ ರಿಮೋಟೇ ಆಗುತ್ತೆ. ಇಂಟರ್‌ಫೇಸನ್ನು ಹಾಕುವಾಗಲೂ ತೆಗೆಯುವಾಗಲೂ ಕರೆಂಟು ಆಫ್ ಆಗಿರಲೇಬೇಕು. ಅದೇ 1986ರಲ್ಲಿ ಬಂದ ಸ್ಪೆಕ್ಟ್ರಮ್ ಪ್ಲಸ್ 2ಕ್ಕೆ ಆಮ್‌ಸ್ಟ್ರಾಡ್ ಕಂಪನಿ ಸಾಕೆಟ್ಟನ್ನೇನೋ ಕೊಟ್ಟಿತು, ಪಿನ್ನುಗಳ ಕ್ರಮ ಮಾತ್ರ ಬೇರೆ ಇಟ್ಟಿತು. ಬಿಬಿಸಿ ಮೈಕ್ರೊದ ಸಾಕೆಟ್ಟು 15 ಪಿನ್ನಿನದು. ಅಲ್ಲಿ ಸ್ವಿಚ್ಚಿನ ಬದಲು, ರೇಡಿಯೊ ವಾಲ್ಯೂಮಿಗೆ ಹಾಕುವ ಪೊಟೆನ್ಶಿಯೋಮೀಟರೇ ಬೇಕು. ಅದರ ಬಹಳ ಆಟಗಳಿಗೆ ಕೀಬೋರ್ಡೇ ಸಾಕಾಗುವುದರಿಂದ ಮೊದಲ ಬಾರಿಗೆ ಬೆಸುಗೆ ಹಿಡಿಯುವವರು ಅದರ ಗೋಜಿಗೆ ಹೋಗದಿರುವುದು ಒಳ್ಳೆಯದು.

"ಆಯ್ತಪ್ಪ, ಆ ಕಂಪ್ಯೂಟರು ಯಾರ ಮನೇಲಿ ಅದೆ ಈಗ? ಹುಡುಗರು ಫೋನಲ್ಲೇ ಆಟ ಆಡ್ತವೆ."

ಕಂಪ್ಯೂಟರು ಇದೆ ಮಾವ. 2011ರಲ್ಲಿ ಶುರುವಾದ ಸರ್ಕಾರದ ಪುಕ್ಕಟೆ ಲ್ಯಾಪ್‌ಟಾಪ್ ಯೋಜನೆಯಲ್ಲಿ ಬಂದ ಹಳೇ ಲ್ಯಾಪ್‌ಟಾಪುಗಳು ಎಷ್ಟೋ ಮನೆಗಳಲ್ಲಿ ಸುಮ್ಮನೆ ಕೂತಿವೆ. ವೈಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದರೆ ಅದರೊಳಗೇ ಪೂರ್ತಿ ಕಮೊಡೋರ್ 64 ಎದ್ದು ಕೂರುತ್ತೆ. ರಿಮೋಟಿನ ಅದೇ ಆರು ವೈರನ್ನು 32ಯು4 ಚಿಪ್ಪಿನ ಚಿಕ್ಕ ಆರ್ಡುಯಿನೊ ಬೋರ್ಡಿಗೆ ಕೊಟ್ಟು, ಅದಕ್ಕೆ ತಕ್ಕ ಪ್ರೋಗ್ರಾಮು ತುಂಬಿದರೆ, ಲ್ಯಾಪ್‌ಟಾಪು ಅದನ್ನು ಯುಎಸ್‌ಬಿ ಜಾಯ್‌ಸ್ಟಿಕ್ ಅಂತ ಒಪ್ಪಿಕೊಳ್ಳುತ್ತೆ. ಹೊಸ ಪ್ಯಾಡು ಕೊಳ್ಳುವ ದುಡ್ಡು ಉಳಿಯುವುದು ಒಂದು ಕಡೆ, ಮಾಡಿದ ಹುಡುಗನಿಗೆ ಅದರ ಒಳಹೊರಗು ಗೊತ್ತಿರುವುದು ಅದಕ್ಕಿಂತ ದೊಡ್ಡದು.

ಫೋನಿನ ಆಟ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಫೋನನ್ನು ಬಿಚ್ಚಿ ಮಗುವಿಗೆ ಏನನ್ನೂ ತೋರಿಸಲಾಗದು. ಈ ರಿಮೋಟಿನಲ್ಲಿ ಒತ್ತುವ ಬೆರಳಿನಿಂದ ಪರದೆಯ ಮೇಲೆ ನೆಗೆಯುವ ಗೊಂಬೆಯ ತನಕ ದಾರಿ ಪೂರ್ತಿ ಕಣ್ಣಿಗೆ ಕಾಣುತ್ತೆ. ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ಹುಡುಕಬಹುದು: ಇಂಗಾಲದ ಬೊಟ್ಟು ಕೊಳೆಯಾಗಿದ್ದರೆ ಸ್ಪಿರಿಟ್ಟಿನಲ್ಲಿ ಒರೆಸಬಹುದು, ಪ್ಲಗ್ಗಿನ ಬುಡದಲ್ಲಿ ವೈರು ತುಂಡಾಗಿದ್ದರೆ ಕತ್ತರಿಸಿ ಮತ್ತೆ ಜೋಡಿಸಬಹುದು. ನಮ್ಮ ಹೊಸೂರು ಸೀಮೆಯಲ್ಲೇ ಈಗ ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಐಫೋನಿನ ಭಾಗಗಳನ್ನು ಮಾಡುತ್ತಿದೆ, ಸುತ್ತಲ ಹಳ್ಳಿಗಳ ಬದುಕಿಗೆ ಎಲೆಕ್ಟ್ರಾನಿಕ್ಸ್ ಇಷ್ಟು ಹತ್ತಿರ ಬಂದಿದೆ. ನಮ್ಮ ಮಕ್ಕಳು ಅಲ್ಲಿ ಬರೀ ಜೋಡಿಸುವ ಕೈಗಳಾಗಿ ಉಳಿಯಬಾರದು, ಯಾವುದು ಯಾಕೆ ಹೇಗೆ ನಡೆಯುತ್ತೆ ಅಂತ ಬಲ್ಲವರಾಗಬೇಕು. ಅದರ ಮೊದಲ ಹೆಜ್ಜೆಗೆ ಲಕ್ಷ ರೂಪಾಯಿಯ ಲ್ಯಾಬ್ ಬೇಕಿಲ್ಲ.

ನಮ್ಮ ತಾಲ್ಲೂಕಿನ ಕನ್ನಡ ಶಾಲೆಗಳ ವಿಜ್ಞಾನದ ಮೇಷ್ಟರು, ಮೇಡಮ್ಮುಗಳಲ್ಲಿ ನನ್ನದೊಂದು ಕೋರಿಕೆ. ವಿದ್ಯುತ್ ಮಂಡಲದ ಪಾಠ ಬಂದಾಗ ಬೋರ್ಡಿನ ಮೇಲೆ ಸ್ವಿಚ್ಚಿನ ಚಿತ್ರ ಬರೆದು ನಿಲ್ಲಿಸಬೇಡಿ. ಮಕ್ಕಳ ಮನೆಯಿಂದ ಕೆಟ್ಟ ಟಿವಿ ಗೇಮಿನ ರಿಮೋಟು ತರಿಸಿ, ಸ್ಕ್ರೂ ಬಿಚ್ಚಿಸಿ, ಅವರ ಕೈಗೇ ಮಲ್ಟಿಮೀಟರ್ ಕೊಡಿ. ಯಾವ ಗುಂಡಿ ಯಾವ ಗೆರೆಗೆ ಸೇರಿದೆ ಅಂತ ಅವರೇ ಹುಡುಕಲಿ. ಬೆಸುಗೆ ಹಾಕುವಾಗ ಮಾತ್ರ ದೊಡ್ಡವರು ಪಕ್ಕದಲ್ಲಿ ನಿಲ್ಲಿ.