ಸ್ಕೂಟರನ್ನು ಅಟ್ಟಕ್ಕೇರಿಸುವವರು

ಸ್ಕೂಟರನ್ನು ನೆಲದಿಂದ ಎತ್ತಲು ಬೇಕಾದ ಯಂತ್ರವನ್ನು ಅದನ್ನು ತಯಾರಿಸಿದವರೇ ಅದರ ಹೊಟ್ಟೆಯಡಿ ಕಟ್ಟಿ ಕಳಿಸಿರುತ್ತಾರೆ. ಅದರ ಹೆಸರು ಸೆಂಟರ್ ಸ್ಟ್ಯಾಂಡು. ಬಲಗಾಲಲ್ಲಿ ಮೆಟ್ಟಿ, ಹಿಂದಿನ ಹಿಡಿಯನ್ನು ಹಿಡಿದು ಒಮ್ಮೆ ಎಳೆದರೆ ನೂರು ಕೆ.ಜಿ. ಮೀರಿದ ಗಾಡಿಯ ಚಕ್ರ ನೆಲ ಬಿಡುತ್ತದೆ. ಕಾಲೇಜಿಗೆ ಹೋಗುವ ಹುಡುಗಿಯರು ದಿನಕ್ಕೆ ನಾಲ್ಕು ಸಲ ಮಾಡುವ ಕೆಲಸ ಅದು. ಬ್ರೇಕ್ ಬಿಗಿ ಮಾಡಲು, ಆಯಿಲ್ ಬದಲಿಸಲು, ಹಿಂದಿನ ಚಕ್ರ ಬಿಚ್ಚಲು ಇಷ್ಟು ಎತ್ತರ ಧಾರಾಳವಾಯಿತು. ಹೀಗಿದ್ದೂ ಮಳವಳ್ಳಿ ಸೀಮೆಯ ಹಲಗೂರಿನಂಥ ಊರಿನಲ್ಲಿ ಹುಡುಕಿದರೆ, ಕಬ್ಬಿಣದ ಚೌಕಟ್ಟು ಹೂಡಿ, ಜಾಕಿ ಇಟ್ಟು, ಸ್ಕೂಟರನ್ನು ಎದೆಮಟ್ಟಕ್ಕೆ ಎತ್ತುವ ಲಿಫ್ಟನ್ನು ತನ್ನ ಶೆಡ್ಡಿನಲ್ಲಿ ಸ್ವಂತ ಕೈಯಾರೆ ಕಟ್ಟುತ್ತಿರುವ ಒಬ್ಬ ಸಿಕ್ಕೇ ಸಿಗುತ್ತಾನೆ. ‘ಕಟ್ಟಿದ’ ಎನ್ನಬಹುದಿತ್ತು, ಆದರೆ ಈ ಪೈಕಿಯವರ ವ್ಯಾಕರಣದಲ್ಲಿ ಭೂತಕಾಲ ಅಪರೂಪ. ವಯಸ್ಸು ಐವತ್ತೈದರ ಮೇಲೆ. ಹಸು ಮಾರಿದ ಮೇಲೆ ಖಾಲಿ ಬಿದ್ದ ಕೊಟ್ಟಿಗೆಗೆ ತಗಡಿನ ಶೀಟು ಹೊದಿಸಿದ್ದೇ ಶೆಡ್ಡು. ಶರಟಿನ ಜೇಬಿನಲ್ಲಿ ಪೆನ್ನು ಇರಬೇಕಾದ ಕಡೆ ಟೆಸ್ಟರು, ಪಂಚೆಯ ಮಡಿಕೆಯಲ್ಲಿ ಅಳತೆಯ ಟೇಪು. ಬೀದಿಯವರೆಲ್ಲ ಒಂದೊಂದು ಸಲ ತಮ್ಮ ಮಿಕ್ಸಿಯನ್ನು ಈತನಿಗೆ ಕೊಟ್ಟಿದ್ದಾರೆ, ಎರಡನೆಯ ಸಲ ಯಾರೂ ಕೊಟ್ಟಿಲ್ಲ. ಊರು ಈತನನ್ನು ‘ಎಂಜಿನಿಯರಣ್ಣ’ ಎಂದು ಕರೆಯುತ್ತದೆ. ಅದರಲ್ಲಿ ಗೌರವ ಎಷ್ಟು, ಲೇವಡಿ ಎಷ್ಟು ಎಂದು ತೂಗಿ ನೋಡುವ ಗೋಜಿಗೆ ಆತ ಹೋಗುವುದಿಲ್ಲ.

ಈತನಿಗೆ ಬುದ್ಧಿ ಕಡಿಮೆ, ಬಿಡುವು ಜಾಸ್ತಿ ಎಂಬುದು ಊರಿನ ತೀರ್ಮಾನ. ನನ್ನ ವಾದ ಬೇರೆ. ಸ್ಕೂಟರು ಈತನಿಗೆ ನೆಪ. ಬೇಕಾಗಿರುವುದು ಎತ್ತುವ ಕೆಲಸ. ಇದಕ್ಕೆ ಮೊದಲ ಸಾಕ್ಷಿ ಲೆಕ್ಕ. 110 ಕೆ.ಜಿ. ತೂಕದ ಗಾಡಿಯನ್ನು 60 ಸೆಂಟಿಮೀಟರ್ ಎತ್ತಲು ತಗಲುವ ಶಕ್ತಿ ಸುಮಾರು 650 ಜೂಲ್. ಅಂದರೆ 65 ಕೆ.ಜಿ.ಯ ಒಬ್ಬ ಮನುಷ್ಯ ಮನೆಯ ಮೆಟ್ಟಿಲನ್ನು ಐದಾರು ಹತ್ತಿದಷ್ಟು. ಇಷ್ಟನ್ನು ಉಳಿಸಿಕೊಳ್ಳಲು ಆತ ಗುಜರಿ ಅಂಗಡಿಯ ಮೆಟ್ಟಿಲನ್ನು ಎಷ್ಟು ಸಲ ಹತ್ತಿ ಇಳಿದಿರುತ್ತಾನೆ ಎಂದು ಎಣಿಸಿದರೆ, ಊರಿನ ಅಷ್ಟೂ ಸ್ಕೂಟರುಗಳನ್ನು ಒಂದೊಂದು ಸಲ ಎತ್ತಿ ಇಳಿಸಬಹುದಿತ್ತು. ಎರಡನೆಯ ಸಾಕ್ಷಿ ಸೊಂಟದ್ದು. ಲಿಫ್ಟು ಯಾಕೆ ಎಂದು ಕೇಳಿದರೆ ಆತ ಕೊಡುವ ಉತ್ತರ ಒಂದೇ: ‘ಬಗ್ಗಕ್ಕಾಗಲ್ಲ ಕಣಪ್ಪ, ಸ್ವಂಟ ಹಿಡ್ಕತದೆ.’ ನಿಜ, ಕುಕ್ಕರುಗಾಲಲ್ಲಿ ಕೂತು ಪ್ಲಗ್ಗು ಬಿಚ್ಚುವುದು ಆ ವಯಸ್ಸಿನ ಮಂಡಿಗೆ ಹಿತವಲ್ಲ. ಆದರೆ ಪೈಪು ಕತ್ತರಿಸುವುದು, ಉಜ್ಜುವುದು, ಬೆಸುಗೆ ಹಾಕುವುದು, ಹಾಕಿದ ಬೆಸುಗೆ ಸೊಟ್ಟಗಾಯಿತೆಂದು ಒಡೆಯುವುದು, ಇದೆಲ್ಲ ನಡೆಯುವುದು ನೆಲದ ಮೇಲೆಯೇ. ವರ್ಷಕ್ಕೆ ಎರಡು ಸಲ ಅರ್ಧ ಗಂಟೆ ಬಗ್ಗುವುದನ್ನು ತಪ್ಪಿಸಿಕೊಳ್ಳಲು ಮೂರು ತಿಂಗಳು ಸತತವಾಗಿ ಬಗ್ಗಿರುವವನ ಉದ್ದೇಶ ಸೊಂಟದ ರಕ್ಷಣೆ ಎಂದು ನಂಬುವುದು ಕಷ್ಟ.

ಹಾಗಾದರೆ ಆ ಮೂರು ತಿಂಗಳು ಆತನನ್ನು ಹಿಡಿದು ಕೂರಿಸುವುದು ಏನು? ಕಷ್ಟವೇ. ಎತ್ತುವುದು ಹೊರಗಿನಿಂದ ನೋಡಿದವರಿಗೆ ಸುಲಭ, ಒಳಹೊಕ್ಕವರಿಗೆ ಮಹಾಭಾರತ. ಕತ್ತರಿ ಮಾದರಿಯ ಲಿಫ್ಟನ್ನೇ ತೆಗೆದುಕೊಳ್ಳಿ. ಎರಡು ಜೊತೆ ಕಬ್ಬಿಣದ ಕೈಗಳು ನಡುವೆ ಒಂದು ಪಿನ್ನಿನಿಂದ ಕೂಡಿರುತ್ತವೆ. ಬುಡವನ್ನು ಸ್ಕ್ರೂವಿನಿಂದ ಒಳಕ್ಕೆ ಎಳೆದರೆ ಮೇಲಿನ ಹಲಗೆ ಏಳುತ್ತದೆ. ಸ್ಕೂಟರೂ ಹಲಗೆಯೂ ಸೇರಿ 160 ಕೆ.ಜಿ. ಎಂದಿಟ್ಟುಕೊಳ್ಳೋಣ. ಕೈಗಳು 45 ಡಿಗ್ರಿಯಲ್ಲಿ ನಿಂತಿದ್ದಾಗ ಸ್ಕ್ರೂ ಎಳೆಯಬೇಕಾದ ಭಾರ ಸರಿಯಾಗಿ ಅಷ್ಟೇ, 160. ಆದರೆ ಲಿಫ್ಟು ಮಲಗಿರುವಾಗ, ಕೈಗಳು ನೆಲದಿಂದ ಹತ್ತೇ ಡಿಗ್ರಿ ಎದ್ದಿರುವಾಗ, ಅದೇ ಎಳೆತ 900 ಕೆ.ಜಿ. ದಾಟುತ್ತದೆ. ನಿಂತಿರುವುದಕ್ಕಿಂತ ಏಳುವುದು ಕಷ್ಟ ಎಂಬ ಈ ಸತ್ಯ ಮಂಡಿನೋವಿನವರಿಗೆಲ್ಲ ಗೊತ್ತಿದ್ದದ್ದೇ. ನಮ್ಮ ಎಂಜಿನಿಯರಣ್ಣನಿಗೆ ಅದು ಗೊತ್ತಾಗುವುದು ಸ್ಕ್ರೂವಿನ ಮರೆ ಕಿತ್ತು ಬಂದ ದಿನ. ಆಗ ಆತ ಕತ್ತರಿಯನ್ನು ಕೈಬಿಟ್ಟು ಮಂಚದ ಮಾದರಿಗೆ ಬರುತ್ತಾನೆ: ನಾಲ್ಕು ಕಾಲಿಗೂ ಮೇಲೆ ಕೆಳಗೆ ಕೀಲು, ಲಾರಿಯವರಿಂದ ಕೊಂಡ ಹಳೆಯ ಬಾಟಲ್ ಜಾಕಿ ಒತ್ತಿದರೆ ಮಲಗಿದ ಮಂಚ ಕಾಲೂರಿ ಏಳುತ್ತದೆ. ಜಾಕಿ ಏಳುವುದು ಚೋಟುದ್ದ, ಹಲಗೆ ಏಳಬೇಕಾದದ್ದು ಅದರ ನಾಲ್ಕರಷ್ಟು. ಆದ್ದರಿಂದ ಜಾಕಿ ಹೊರುವ ಭಾರವೂ ಸರಾಸರಿಯಲ್ಲಿ ನಾಲ್ಕರಷ್ಟು. ಇದನ್ನು ಆತ ಈ ಸಲ ಲೆಕ್ಕ ಹಾಕಿರುತ್ತಾನೆ. ಹಾಕದಿರುವುದು ಇನ್ನೊಂದನ್ನು. ಕೀಲುಗಾಲಿನ ಮಂಚ ನೆಟ್ಟಗೆ ಏಳುವುದಿಲ್ಲ, ಕಮಾನು ಹಾದಿಯಲ್ಲಿ ಏಳುತ್ತದೆ. ಮುಕ್ಕಾಲು ಮೀಟರಿನ ಕಾಲಿದ್ದರೆ ಅರವತ್ತು ಸೆಂಟಿಮೀಟರ್ ಮೇಲೇರುವಷ್ಟರಲ್ಲಿ ಮೂವತ್ತು ಸೆಂಟಿಮೀಟರಿನಷ್ಟಾದರೂ ಮುಂದಕ್ಕೂ ಹೋಗಿರುತ್ತದೆ. ಕೊಟ್ಟಿಗೆಯ ಗೋಡೆಯಲ್ಲಿ, ಸ್ಕೂಟರಿನ ಹೆಡ್‌ಲೈಟಿನ ಎತ್ತರಕ್ಕೆ ಸರಿಯಾಗಿ, ಗಾರೆ ಉದುರಿದ ಒಂದು ಗುಂಡನೆಯ ಗುರುತು ಕಂಡರೆ ಅದು ಯಾವ ಮಾದರಿಯ ಲಿಫ್ಟು ಎಂದು ಒಳಗೆ ಹೋಗದೆಯೇ ಹೇಳಬಹುದು.

ಈ ಹುಚ್ಚು ಹಲಗೂರಿನಲ್ಲಿ ಕಾಣಿಸಿಕೊಂಡರೆ ಅಚ್ಚರಿಪಡಬೇಕಾಗಿಲ್ಲ, ಏಕೆಂದರೆ ಕಬ್ಬಿಣದ ಹಂಬಲ ಈ ಊರಿನ ಹೆಸರಿಗೇ ಅಂಟಿಕೊಂಡು ಬಂದಿದೆ. ನೀಲಗಾರರು ತಂಬೂರಿ ಮೀಟಿ ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಗುರು ತನ್ನ ಶಿಷ್ಯ ಸಿದ್ದಪ್ಪಾಜಿಯನ್ನು ಕಬ್ಬಿಣದ ಭಿಕ್ಷೆಗೆ ಕಳಿಸುವುದು ಹಲಗೂರಿನ ಲೋಹದ ಕೆಲಸದ ಪಾಂಚಾಳರ ಬಳಿಗೆ. ಬೇರೆ ಕಥೆಗಳಲ್ಲಿ ಶಿಷ್ಯರು ಅಕ್ಕಿ ಕೇಳುತ್ತಾರೆ, ರಾಗಿ ಕೇಳುತ್ತಾರೆ. ಇಲ್ಲಿ ಕೇಳಬೇಕಾದದ್ದು ಕಬ್ಬಿಣ. ಪಾಂಚಾಳರು ಸುಲಭಕ್ಕೆ ಕೊಡುವುದಿಲ್ಲ, ಆತನನ್ನು ಒಂದಾದ ಮೇಲೊಂದು ಪರೀಕ್ಷೆಗೆ ಒಡ್ಡುತ್ತಾರೆ. ಇಂದು ಗುಜರಿ ಅಂಗಡಿಯ ಮುಂದೆ ಎಂಜಿನಿಯರಣ್ಣ ‘ಎರಡಿಂಚಿನ ಚೌಕದ ಪೈಪು ಐದಡಿ ಇದ್ರೆ ನೋಡಪ್ಪ’ ಎಂದು ನಿಂತಾಗ ನಡೆಯುವುದೂ ಹೆಚ್ಚುಕಡಿಮೆ ಅದೇ. ಅಂಗಡಿಯವನು ಇಲ್ಲ ಎನ್ನುತ್ತಾನೆ. ಪೈಪು ಅಲ್ಲೇ ಆತನ ಕುರ್ಚಿಯ ಹಿಂದೆ ಇರುತ್ತದೆ. ಸಿದ್ದಪ್ಪಾಜಿಯಂತೆ ಪವಾಡ ಮಾಡಲು ಬಾರದ ನಮ್ಮ ಶಿಷ್ಯ ಕೆ.ಜಿ.ಗೆ ಐದು ರೂಪಾಯಿ ಹೆಚ್ಚು ಕೊಟ್ಟು ತರುತ್ತಾನೆ.

ಕಬ್ಬಿಣದ್ದು ಹಾಗಾದರೆ ಎತ್ತುವುದರ ಪರಂಪರೆ ಇನ್ನೂ ದೊಡ್ಡದು. ಬಾವಿಯಿಂದ ನೀರೆತ್ತಲು ಏತ ಹೂಡಿದವರು ಸನ್ನೆಗೋಲಿನ ತತ್ವವನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಕಪಿಲೆಯಲ್ಲಿ ಎತ್ತುಗಳನ್ನು ಇಳಿಜಾರಿನಲ್ಲಿ ನಡೆಸಿ ಅವುಗಳ ಮೈಭಾರವನ್ನೇ ನೀರಿನ ಎದುರು ತೂಗಿದರು. ಗಾಡಿಗೆ ಕೀಲೆಣ್ಣೆ ಹಾಕುವಾಗ ಅಚ್ಚಿನಡಿಗೆ ದಿಮ್ಮಿ ಕೊಟ್ಟು ಚಕ್ರ ಕಳಚುತ್ತಿದ್ದರಲ್ಲ, ಅದಲ್ಲದೆ ಸ್ಕೂಟರ್ ಲಿಫ್ಟಿನ ನೇರ ಮುತ್ತಾತ ಇನ್ಯಾವುದು? ಆಲೆಮನೆಯಲ್ಲಿ ಕುದಿಯುವ ಪಾಕದ ಕೊಪ್ಪರಿಗೆಯನ್ನು ಒಲೆಯಿಂದ ಎಬ್ಬಿಸುವುದನ್ನು ಕಂಡವರಿಗೆ, ಭಾರ ಎಂದರೆ ಕೆ.ಜಿ. ಮಾತ್ರವಲ್ಲ, ಅಲುಗಿದರೆ ಏನಾದೀತು ಎಂಬ ಭಯವೂ ಹೌದು ಎಂದು ಗೊತ್ತು. ಇನ್ನು ಸರ್ಕಾರದ ಮಟ್ಟಕ್ಕೆ ಬಂದರೆ ಮಳವಳ್ಳಿ ಸೀಮೆ ನೀರನ್ನು ಬೀಳಿಸುವುದರಲ್ಲೂ ಏರಿಸುವುದರಲ್ಲೂ ಹೆಸರು ಮಾಡಿದ್ದು. ಶಿವನಸಮುದ್ರದಲ್ಲಿ ಕಾವೇರಿ ಬಿದ್ದದ್ದರಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಅದೇ ಕಾವೇರಿಯನ್ನು 1974ರಿಂದ ಹಲಗೂರಿನ ಪಕ್ಕದ ತೊರೆಕಾಡನಹಳ್ಳಿಯಲ್ಲಿ ಹಿಡಿದು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಿ, ನೂರಾರು ಮೀಟರ್ ಮೇಲಕ್ಕೆ ಎತ್ತಿ ಬೆಂಗಳೂರಿಗೆ ಕುಡಿಸಲಾಗುತ್ತಿದೆ. ಒಂದು ಇಡೀ ಹೊಳೆಯನ್ನು ಪಕ್ಕದೂರಿನವರು ಹಗಲೂ ರಾತ್ರಿ ಎತ್ತುತ್ತಿರುವಾಗ, ಒಂದು ಸ್ಕೂಟರನ್ನು ಎರಡಡಿ ಎತ್ತಹೊರಟವನನ್ನು ಕಂಡು ನಗುವುದಕ್ಕೆ ಊರಿಗೆ ಯಾವ ಹಕ್ಕಿದೆ?

ಹಕ್ಕಿಲ್ಲದಿದ್ದರೂ ಆಕ್ಷೇಪಣೆಗಳಿವೆ. ದುಡ್ಡು ದಂಡ ಎಂಬುದು ಮೊದಲನೆಯದು. ದಂಡವೇ, ಎರಡು ಮಾದರಿ ಕೆಟ್ಟು ಮೂರನೆಯದು ನಿಲ್ಲುವ ಹೊತ್ತಿಗೆ ಪೇಟೆಯಲ್ಲಿ ಸಿಗುವ ಸಿದ್ಧ ಲಿಫ್ಟಿನ ಬೆಲೆಯ ಹತ್ತಿರಕ್ಕೆ ಬಂದಿರುತ್ತದೆ. ಆದರೆ ತಿರುಪತಿಗೆ ನಡೆದು ಹೋಗುವವನಿಗೆ ಬಸ್ ಚಾರ್ಜು ಎಷ್ಟೆಂದು ಯಾರೂ ಹೇಳಿಕೊಡುವುದಿಲ್ಲ. ಮೆಕ್ಯಾನಿಕ್ಕನ ಹೊಟ್ಟೆಗೆ ಕಲ್ಲು ಬಿತ್ತು ಎಂಬುದು ಎರಡನೆಯದು, ಇದರಲ್ಲಿ ಹುರುಳಿಲ್ಲ. ಈತ ಬಿಚ್ಚಿದ್ದನ್ನು ಜೋಡಿಸುವವನು ಕೊನೆಗೂ ಮೆಕ್ಯಾನಿಕ್ಕೇ, ಕೂಲಿಯೂ ಮಾಮೂಲಿಗಿಂತ ಹೆಚ್ಚು. ಮೂರನೆಯದು ಅಪಾಯದ ಮಾತು, ಅದನ್ನು ನಗೆಯಲ್ಲಿ ತೇಲಿಸುವಂತಿಲ್ಲ. ಜಾಕಿಯ ಕೆಲಸ ಎತ್ತುವುದು, ಹಿಡಿದು ನಿಲ್ಲಿಸುವುದಲ್ಲ. ಒಳಗಿನ ರಬ್ಬರ್ ವಾಷರ್ ಸವೆದು ಎಣ್ಣೆ ಜಿನುಗಿದರೆ ಎತ್ತಿದ ಭಾರ ಹೇಳದೆ ಕೇಳದೆ ಇಳಿಯುತ್ತದೆ. ಆದ್ದರಿಂದ ಏರಿದ ಮೇಲೆ ಚೌಕಟ್ಟಿನ ತೂತಿಗೆ ದಪ್ಪನೆಯ ಪಿನ್ನು ಹಾಕಿ ಭಾರವನ್ನು ಅದರ ಮೇಲೆ ಬಿಡಬೇಕು. ಮುಂದಿನ ಚಕ್ರವನ್ನು ಕಚ್ಚಿ ಹಿಡಿಯುವ ಇಕ್ಕಳ ಬೇಕು. ಎರಡೂ ಪಕ್ಕಕ್ಕೆ ಬೆಲ್ಟು ಬಿಗಿಯಬೇಕು. ಹಳೆಯ ಚೇತಕ್ಕಿನಂಥ ಗಾಡಿಯಲ್ಲಂತೂ ಎಂಜಿನ್ನು ಹಿಂದಿನ ಚಕ್ರದ ಬಲಕ್ಕೆ ಕೂತಿರುತ್ತದೆ, ಹಲಗೆಯ ನಡುವೆ ನಿಲ್ಲಿಸಿದರೂ ಭಾರ ನಡುವೆ ಇರುವುದಿಲ್ಲ. ವಿಚಿತ್ರವೆಂದರೆ ಈ ವಿಷಯದಲ್ಲಿ ಎಂಜಿನಿಯರಣ್ಣ ಊರಿಗಿಂತ ಜಾಗರೂಕ. ಮಗು, ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು, ಹುಲ್ಲಿನ ಹೊರೆ ಎಲ್ಲವನ್ನೂ ಒಂದೇ ಮೊಪೆಡ್ಡಿನ ಮೇಲೆ ಹೇರಿಕೊಂಡು ಕನಕಪುರದ ಹೆದ್ದಾರಿ ದಾಟುವವರು ಈತನಿಗೆ ‘ಉಸಾರು ಕಣಣ್ಣ’ ಎಂದು ಹೇಳಿ ಹೋಗುತ್ತಾರೆ.

ನನಗೆ ಉತ್ತರ ಕೊಡಲು ನಿಜಕ್ಕೂ ಕಷ್ಟವಾಗುವ ಆಕ್ಷೇಪಣೆ ಬೇರೆಯೇ ಇದೆ: ಎತ್ತಿದ ಮೇಲೆ ನೋಡುವುದಕ್ಕೆ ಅಲ್ಲಿ ಏನಿದೆ? 1972ರಲ್ಲಿ ಬಂದ ಬಜಾಜ್ ಚೇತಕ್ ತನ್ನ ಒಡೆಯನಿಂದ ಸೇವೆ ಬೇಡುತ್ತಿದ್ದ ಗಾಡಿ. ಪೆಟ್ರೋಲಿಗೆ ಆಯಿಲ್ ಬೆರೆಸಬೇಕಿತ್ತು, ಪ್ಲಗ್ಗಿನ ಮಸಿ ಉಜ್ಜಬೇಕಿತ್ತು, ಬೆಳಗಿನ ಹೊತ್ತು ಹೊರಡದಿದ್ದರೆ ಪಕ್ಕಕ್ಕೆ ವಾಲಿಸಿ ಸಮಾಧಾನ ಹೇಳಬೇಕಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಅದರ ಬೈಕುಗಳನ್ನು ಇವತ್ತಿಗೂ ಓಡಿಸುವವರಿದ್ದಾರೆಂದರೆ, ಅವುಗಳ ಒಳಗು ಒಡೆಯನ ಕೈಗೆ ಸಿಗುತ್ತದೆ ಎಂಬುದೂ ಅದಕ್ಕೊಂದು ಕಾರಣ. 2020ರ ಏಪ್ರಿಲ್‌ನಿಂದ ಹೊಸ ಹೊಗೆ ನಿಯಮ ಬಂದ ಮೇಲೆ ಕಾರ್ಬೊರೇಟರ್ ಹೋಗಿ ಇಂಧನವನ್ನು ಕಂಪ್ಯೂಟರ್ ಅಳೆದು ಚಿಮ್ಮಿಸುವ ಕಾಲ ಬಂತು. ಚೇತಕ್ ಎಂಬ ಹೆಸರೇ ಆ ವರ್ಷ ಬ್ಯಾಟರಿ ಗಾಡಿಯಾಗಿ ಮರುಹುಟ್ಟು ಪಡೆಯಿತು. ಇಂಥ ಗಾಡಿಯನ್ನು ಎದೆಮಟ್ಟಕ್ಕೆ ಎತ್ತಿ, ಟಾರ್ಚು ಬಿಟ್ಟು, ಕನ್ನಡಕ ಏರಿಸಿ ನೋಡಿದರೆ ಕಾಣುವುದು ಪ್ಲಾಸ್ಟಿಕ್ಕಿನ ಹೊದಿಕೆ. ಅದರ ಕಾಯಿಲೆ ಹೇಳುವುದು ಸರ್ವಿಸ್ ಸೆಂಟರಿನ ಸ್ಕ್ಯಾನರ್. ಲಿಫ್ಟು ಸಿದ್ಧವಾಗುವ ಹೊತ್ತಿಗೆ ಎತ್ತಬೇಕಾದ ಕಾರಣವೇ ಇಳಿದು ಹೋಗಿದೆ. ಒಪ್ಪತಕ್ಕ ಮಾತು. ಆದರೆ ಇದರಿಂದ ಬೀಳುವುದು ಊರಿನ ವಾದ, ನನ್ನದಲ್ಲ. ಆತ ರಿಪೇರಿಗಾಗಿ ಕಟ್ಟಿದ್ದರೆ ಇಷ್ಟು ಹೊತ್ತಿಗೆ ನಿಲ್ಲಿಸಿರಬೇಕಿತ್ತು. ನಿಲ್ಲಿಸಿಲ್ಲ, ಈಗ ಹಲಗೆಯ ಅಡಿಗೆ ಗಾಲಿ ಹಾಕುವ ಯೋಚನೆಯಲ್ಲಿದ್ದಾನೆ. ತನ್ನ ಗಾಡಿಯೊಳಗೆ ಕೈ ಹಾಕಲು ಬಿಡದ ಕಾಲದಲ್ಲಿ ಆತ ಕೈ ಹಾಕಲು ಬರುವ ಇನ್ನೊಂದು ಯಂತ್ರವನ್ನು ಅದರ ಕೆಳಗೆ ತಾನೇ ಸೃಷ್ಟಿಸಿಕೊಂಡಿದ್ದಾನೆ. ಕೀಲು ಕಿರುಗುಟ್ಟಿದರೆ ಯಾವ ಕೀಲೆಂದು ಗೊತ್ತು, ಬೆಸುಗೆ ಬಿಟ್ಟರೆ ಯಾವ ದಿನದ ಬೆಸುಗೆ ಎಂದೂ ಗೊತ್ತು. ಈಗ ರಿಪೇರಿಗೆ ಬರುತ್ತಿರುವುದು ಲಿಫ್ಟೇ.

ಬೀದಿಯವರು ಹಾದುಹೋಗುವಾಗ ಕೇಳುತ್ತಾರೆ: ‘ಏನಣ್ಣೋ, ಸ್ಕೂಟ್ರುಗೂ ಮಂಚ ಮಾಡ್ಬುಟ್ಟಾ?’ ‘ಮಂಚ ಅಲ್ಲ ಕಣ್ಲಾ, ಲಿಪ್ಟು’ ಎಂದು ಆತ ತಲೆಯೆತ್ತದೆ ತಿದ್ದುತ್ತಾನೆ. ಭಾನುವಾರ ಮುತ್ತತ್ತಿಗೆ ಹೋಗುವ ಬೆಂಗಳೂರಿನ ಬೈಕಿನವರಲ್ಲಿ ಒಬ್ಬನಾದರೂ ಇಲ್ಲೇ ಕೆಟ್ಟು ನಿಲ್ಲಲಿ ಎಂದು ಆತ ಒಳಗೊಳಗೇ ಆಸೆಪಡುವುದುಂಟು. ಮನೆಯಾಕೆಯ ಪ್ರಶ್ನೆ ಮಾತ್ರ ಮೊದಲಿನಿಂದಲೂ ನೇರ: ‘ಇನ್ನೆಷ್ಟ್ ದಿನಾಂತ ಆ ಕಬ್ಣ ಮುಂದಿಟ್ಕಂಡು ಕುಂತಿರ್ತೀರ? ಸ್ಕೂಟ್ರು ಬಿಸ್ಲಲ್ಲಿ ಒಣಗ್ತಾ ಅದೆ.’ ಉತ್ತರ ಬರಲೆಂದು ಆಕೆ ಕಾಯುವುದಿಲ್ಲ. ಗಾಲಿ ಬಂದ ಮಾರನೆಯ ದಿನವೇ ಲಿಫ್ಟನ್ನು ಅಂಗಳಕ್ಕೆ ತಳ್ಳಿಸಿ, ಹಲಗೆಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಹಾಕುತ್ತಾರೆ. ಎತ್ತರ ಅನುಕೂಲವಾಗಿದೆ, ಕೋಳಿಗೆ ಎಟುಕುವುದಿಲ್ಲ, ಬಗ್ಗಬೇಕಾಗಿಯೂ ಇಲ್ಲ. ಸಂಜೆ ಮನೆಯ ನೆರಳು ಹಲಗೆಗೆ ಬಿದ್ದಾಗ ಎಂಜಿನಿಯರಣ್ಣ ಬಂದು ಪಿನ್ನು ತೆಗೆದು, ಜಾಕಿಗೆ ಎಂಟು ಪಂಪು ಹೊಡೆದು, ಸಂಡಿಗೆಯನ್ನು ಉಳಿದ ಬಿಸಿಲಿಗೆ ಎತ್ತಿ ಮತ್ತೆ ಪಿನ್ನು ಹಾಕುತ್ತಾನೆ. ಸ್ಕೂಟರು ಆಚೆ ಬೇವಿನ ಮರದಡಿ ಸೆಂಟರ್ ಸ್ಟ್ಯಾಂಡಿನ ಮೇಲೆ ನಿಂತಿರುತ್ತದೆ.