ಮಧುಗಿರಿ ಉಪವಿಭಾಗಕ್ಕೊಂದು ಸಮುದ್ರ

ಕೆನೆಕೆನೆಯಾದ, ಕಾರ್ಬ್ ಕಡಿಮೆಯಿರುವ ಸೀಫುಡ್ ಸಾಲಡ್ಡನ್ನು ಮನೆಯಲ್ಲೇ ಮಾಡಿಕೊಳ್ಳಲು ಮೊದಲು ಬೇಕಾದ ಸಾಮಗ್ರಿ ಸಮುದ್ರ. ಮಧುಗಿರಿ ಉಪವಿಭಾಗದ ನಾಲ್ಕೂ ತಾಲ್ಲೂಕುಗಳಲ್ಲಿ ಸದ್ಯಕ್ಕೆ ಅದರ ದಾಸ್ತಾನಿಲ್ಲ. ಮಧುಗಿರಿಯಲ್ಲಿ ಏಕಶಿಲಾ ಬೆಟ್ಟವಿದೆ, ಶಿರಾದಲ್ಲಿ ಹಳೆಯ ಕಾಲದ ಗೋರಿ ಮಸೀದಿಗಳಿವೆ, ಕೊರಟಗೆರೆಯಲ್ಲಿ ಸಿದ್ದರಬೆಟ್ಟದ ಗಿಡಮೂಲಿಕೆಯಿದೆ, ಪಾವಗಡದಲ್ಲಿ ಸಾಕ್ಷಾತ್ ಶನಿಮಹಾತ್ಮ ಇದ್ದಾನೆ. ಸಮುದ್ರ ಮಾತ್ರ ಇಲ್ಲ. ಮಧುಗಿರಿಯನ್ನು ಜಿಲ್ಲೆ ಮಾಡಿ ಎಂಬ ಹಳೆಯ ಬೇಡಿಕೆಯ ಜೊತೆಗೆ ಒಂದು ಸಮುದ್ರವನ್ನೂ ಸೇರಿಸಿ ಅರ್ಜಿ ಕೊಡುವ ಧೈರ್ಯ ಇನ್ನೂ ಯಾವ ಹೋರಾಟ ಸಮಿತಿಗೂ ಬಂದ ಹಾಗಿಲ್ಲ.

ಹಾಗಂತ ಕೈಚೆಲ್ಲಿ ಕೂರಬೇಕಾಗಿಲ್ಲ. ಸಕಲೇಶಪುರದ ಕಡೆಯ ಎತ್ತಿನಹೊಳೆ ಮತ್ತದರ ಅಕ್ಕಪಕ್ಕದ ಹಳ್ಳಗಳ 24 ಟಿಎಂಸಿ ನೀರು ನೇತ್ರಾವತಿ ಸೇರಿ ಸುಮ್ಮನೆ ಅರಬ್ಬಿ ಸಮುದ್ರದ ಪಾಲಾಗುತ್ತಿದೆಯೆಂದು ಕಂಡುಹಿಡಿದು, ಅದನ್ನು ಎತ್ತಿ ಪೂರ್ವಕ್ಕೆ ತಿರುಗಿಸುವ ಕೆಲಸ ನಡೆದಿದೆ. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಮೊದಲ ಹಂತಕ್ಕೆ ಬಾಗಿನವೂ ಸಂದಿತು. ಒಂದು ಕಾಲಕ್ಕೆ 12,912 ಕೋಟಿ ಇದ್ದ ಅಂದಾಜು ವೆಚ್ಚ ಕೆನೆಗಟ್ಟುತ್ತ ಕೆನೆಗಟ್ಟುತ್ತ 23,251 ಕೋಟಿಗೆ ಬಂದಿದೆ. ಕೊರಟಗೆರೆ ತಾಲ್ಲೂಕಿನ ಭೈರಗೊಂಡ್ಲುವಿನಲ್ಲಿ ಜಲಾಶಯ ಅಂದಾಗ ನೀರಿಗಿಂತ ಮೊದಲು ಅಲ್ಲಿ ತುಂಬಿಕೊಂಡದ್ದು ಪರಿಹಾರದ ತಕರಾರು: ದೊಡ್ಡಬಳ್ಳಾಪುರದ ಎಕರೆಗೆ ಒಂದು ದರ, ಬದುವಿನ ಈಚೆಗಿನ ಕೊರಟಗೆರೆಯ ಎಕರೆಗೆ ಇನ್ನೊಂದು. ಇರಲಿ. ಸಮುದ್ರಕ್ಕೆ ಹೋಗುವ ನೀರೇ ನಮ್ಮ ಕಡೆ ತಿರುಗುತ್ತದೆ ಎಂದಮೇಲೆ, ಕೆಳಗೆ ಕಾದು ಕುಳಿತ ಸೀಗಡಿಗಳು ವಿಳಾಸ ಕೇಳಿಕೊಂಡು ಹತ್ತಿ ಬರಲಿಕ್ಕೆ ಎಷ್ಟು ಹೊತ್ತು?

ಅಲ್ಲಿಯತನಕ ಕಾಯಲಾರದವರಿಗೆ ರಸ್ತೆಯಿದೆ. ಹಳೆಯ ಲೆಕ್ಕದ 234ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಮಂಗಳೂರಿನಲ್ಲಿ ಹೊರಟು, ಚಾರ್ಮಾಡಿ ಹತ್ತಿ, ಹುಳಿಯಾರು, ಬುಕ್ಕಾಪಟ್ಟಣ, ಶಿರಾ, ಮಧುಗಿರಿ, ಗೌರಿಬಿದನೂರು ಹಾದು ತಮಿಳುನಾಡಿನ ವಿಲ್ಲುಪುರಕ್ಕೆ ಹೋಗುತ್ತದೆ. ಮಧುಗಿರಿ ಪೇಟೆಯೂ ಮಂಗಳೂರಿನ ಕಡಲೂ ಒಂದೇ ರಸ್ತೆಯ ಮೇಲಿವೆ ಎಂದು ಹೆಮ್ಮೆ ಪಡಬಹುದು. ನಡುವೆ ಇರುವುದು ಒಂದು ಘಟ್ಟ, ಮುನ್ನೂರು ಕಿಲೋಮೀಟರಿನಷ್ಟು ದಾರಿ, ಒಂದಷ್ಟು ಐಸು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಫೋನಿನಲ್ಲಿ ಬರುವ ರೆಸಿಪಿಗಳಿಗೆ ಅಂಥ ರಜೆ ಇಲ್ಲ.

ನಮ್ಮ ಷಡ್ಡಕರಿಗೆ ಸಕ್ಕರೆ ಕಾಯಿಲೆಯಿಲ್ಲ, ಬಿಪಿಯಿಲ್ಲ, ಇರುವುದು ಸ್ಮಾರ್ಟ್‌ಫೋನ್. ಅದರಲ್ಲಿ ಯಾರೋ ಒಬ್ಬ ಹುಡುಗ ರಾಗಿಮುದ್ದೆಯ ಚಿತ್ರದ ಮೇಲೆ ಕೆಂಪು ಗೀಟು ಎಳೆದು ತೋರಿಸಿದ ದಿನದಿಂದ ಅವರ ಮನೆಯಲ್ಲಿ ಮುದ್ದೆ ಕೋಲು ಮೂಲೆ ಸೇರಿದೆ. ಡಾಕ್ಟರು ಸಕ್ಕರೆ ರೋಗಿಗೆ 'ಮುದ್ದೆ ಸ್ವಲ್ಪ ಸಣ್ಣದು ಮಾಡಿ' ಎಂದರೆ ಅದು ವೈದ್ಯ. ಇದು ಬೇರೆ, ಇದು ತೀರ್ಪು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಅಕ್ಕಿಗೂ ರಾಗಿಗೂ ವ್ಯಾಜ್ಯ ಬಂದಾಗ ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಅಕ್ಕಿ ಸೊರಗಿತು, ರಾಗಿ ಗಟ್ಟಿಯಾಗಿ ಹೊರಬಂದು ಗೆದ್ದಿತು. ಆ ಮೊಕದ್ದಮೆ ಈಗ ಮತ್ತೆ ವಿಚಾರಣೆಗೆ ಬಂದಿದೆ. ನೂರು ಗ್ರಾಂ ರಾಗಿಯಲ್ಲಿ 67 ಗ್ರಾಮಿನಷ್ಟು ಕಾರ್ಬೋಹೈಡ್ರೇಟ್ ಇರುವುದು ಸಾಬೀತಾಗಿರುವುದರಿಂದ ಅಕ್ಕಿ, ರಾಗಿ ಇಬ್ಬರಿಗೂ ಜೀವಾವಧಿ. ಅದೇ ನೂರು ಗ್ರಾಮಿನಲ್ಲಿ 11 ಗ್ರಾಂ ನಾರು, 360 ಮಿಲಿಗ್ರಾಂ ದಾಟುವ ಕ್ಯಾಲ್ಸಿಯಂ ಇದೆಯೆಂಬ ಸಾಕ್ಷ್ಯವನ್ನು ಕೋರ್ಟು ದಾಖಲಿಸಿಕೊಳ್ಳಲಿಲ್ಲ. ಭಾರತವೇ ಮುಂದೆ ನಿಂತು ಕೇಳಿ, ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತ್ತಲ್ಲ? ವರ್ಷ ಮುಗಿಯಿತು, ಜಾಮೀನೂ ಮುಗಿಯಿತು.

ಈ ವಿದ್ಯೆ ಹೊಸದೆಂದು ತಿಳಿಯಬೇಡಿ. ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ ಬಿಟ್ಟು ತೆಳ್ಳಗಾದೆನೆಂದು 1863ರಲ್ಲೇ ಪುಸ್ತಿಕೆ ಬರೆದು ಹೆಸರಾದವನು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್. ವೃತ್ತಿ: ಶವಸಂಸ್ಕಾರದ ಗುತ್ತಿಗೆ. ಬರಬೇಕಾದ ಗಿರಾಕಿಗಳನ್ನು ಕೈಯಾರೆ ತಡೆದ ಆತನ ತ್ಯಾಗವನ್ನಾದರೂ ಮೆಚ್ಚಬೇಕು. ಇವತ್ತಿನ ಉಪದೇಶಕರು ಗಿರಾಕಿಯನ್ನು ಹಾಗೆಲ್ಲ ಬಿಟ್ಟುಕೊಡುವವರಲ್ಲ.

ಷಡ್ಡಕರು ತುಮಕೂರಿಗೆ ಹೋಗಿ ಸಾಮಾನು ತಂದರು. ಮೊದಲನೆಯದು ಏಡಿಯ ಕಡ್ಡಿ. ಫ್ರೀಜರಿನಿಂದ ತೆಗೆದ, ಬಿಳಿ ಮೈಗೆ ಕೆಂಪು ಅಂಚಿನ, ನೋಡಲು ಬಹಳ ಮರ್ಯಾದಸ್ಥ ಪದಾರ್ಥ. ಸುರಿಮಿ ಎಂಬ ಜಪಾನಿ ಕಸುಬಿನಲ್ಲಿ ಬಿಳಿಮೀನನ್ನು ತೊಳೆದು, ಅರೆದು, ಅದಕ್ಕೆ ಪಿಷ್ಟ, ಸಕ್ಕರೆ, ಮೊಟ್ಟೆಯ ಬಿಳಿ ಸೇರಿಸಿ, ಏಡಿಯ ವಾಸನೆ ಕೊಟ್ಟು, ಬಣ್ಣ ಬಳಿದು ಮಾಡಿದ್ದು. ಮಾಮೂಲಿಯಾಗಿ ನೂರು ಗ್ರಾಮಿಗೆ 15 ಗ್ರಾಮಿನಷ್ಟು ಕಾರ್ಬ್ ಅದರಲ್ಲೇ ಇರುತ್ತದೆ. ಏಡಿ ತಿಂದಿದ್ದರೆ ಇಷ್ಟು ಬರುತ್ತಿರಲಿಲ್ಲ. ಏಡಿಯಲ್ಲಿ, ಸೀಗಡಿಯಲ್ಲಿ, ಮೀನಿನಲ್ಲಿ ಕಾರ್ಬ್ ಇಲ್ಲವೆನ್ನುವಷ್ಟು ಕಡಿಮೆ. ಮುಂಬಾಗಿಲಲ್ಲಿ ಕುತ್ತಿಗೆ ಹಿಡಿದು ಆಚೆ ದಬ್ಬಿದ ಹಿಟ್ಟು ಕೆಂಪಂಚಿನ ಪಂಚೆ ಉಟ್ಟು ಹಿತ್ತಿಲಿನಿಂದ ಒಳಗೆ ಬಂತು. ಅದನ್ನು ಕರೆತರಲು ಪೆಟ್ರೋಲೂ ಸುಟ್ಟಿತು.

ಎರಡನೆಯದು ಮೇಯೊನೀಸ್. ಮೂಲದಲ್ಲಿ ಅದು ಮೊಟ್ಟೆಯ ಹಳದಿ, ಎಣ್ಣೆ, ಹುಳಿ. ಹಳದಿಯಲ್ಲಿರುವ ಲೆಸಿಥಿನ್ ಎಣ್ಣೆಯನ್ನೂ ನೀರನ್ನೂ ಜಗಳವಾಡದಂತೆ ಹಿಡಿದಿಡುತ್ತದೆ. ಹಸಿಮೊಟ್ಟೆಯ ಮೇಯೊನೀಸನ್ನು ತೆಲಂಗಾಣ 2024ರ ಅಕ್ಟೋಬರ್‌ನಲ್ಲಿ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಒಂದು ವರ್ಷದ ಮಟ್ಟಿಗೆ ನಿಷೇಧಿಸಿದ ಸುದ್ದಿ ಷಡ್ಡಕರಿಗೆ ತಲುಪಿತ್ತು. ಆದ್ದರಿಂದ ಅವರು ಹಸಿರು ಚುಕ್ಕೆಯ, ಶುದ್ಧ ಸಸ್ಯಾಹಾರಿ, ಮೊಟ್ಟೆರಹಿತ ಮೇಯೊನೀಸ್ ತಂದರು. ಸೀಗಡಿಗೆ ಕಲಸಲಿಕ್ಕೆ. ಸೀಗಡಿಯ ಮಡಿ ಮೈಲಿಗೆಯ ಬಗ್ಗೆ ಇಷ್ಟು ಎಚ್ಚರ ವಹಿಸಿದ ಮನೆ ನಮ್ಮ ಸೀಮೆಯಲ್ಲಿ ಇನ್ನೊಂದು ಇರಲಾರದು. ಮೊಟ್ಟೆ ಇಲ್ಲದ ಕಡೆ ಎಣ್ಣೆ ನೀರಿನ ಸಂಸಾರ ನಿಭಾಯಿಸಲು ಹಾಲಿನ ಪುಡಿ, ಪಿಷ್ಟ, ಜೊತೆಗೆ ಸಕ್ಕರೆ ಹಾಕಿರುತ್ತಾರೆ. ಡಬ್ಬಿಯ ಹಿಂಭಾಗದ ಇರುವೆ ಸಾಲಿನಂಥ ಅಕ್ಷರಗಳನ್ನು ಓದಿದವರಿಗೆ ಗೊತ್ತು. ಎಣ್ಣೆ ಹೆಚ್ಚಾಗಿ ಸೋಯಾದ್ದು. ಪಾವಗಡ, ಶಿರಾದ ಕೆಂಪು ಮಣ್ಣಿನಲ್ಲಿ ತಲೆಮಾರುಗಟ್ಟಲೆ ಕಡ್ಲೆಕಾಯಿ ಬಿತ್ತಿ, ಮಳೆ ಕೈಕೊಟ್ಟಾಗಲೆಲ್ಲ ಸಾಲ ಮಾಡಿ, ಮತ್ತೆ ಕಡ್ಲೆಕಾಯಿಯನ್ನೇ ಬಿತ್ತಿದ ಜನ ಸೋಯಾ ಎಣ್ಣೆಯ ಕೆನೆಯನ್ನು ಡಬ್ಬಿಯಲ್ಲಿ ಕೊಂಡು ತರುತ್ತಾರೆ. ಕಡ್ಲೆಬೀಜದ ತೂಕದಲ್ಲಿ ಅರ್ಧದಷ್ಟು ಕೊಬ್ಬೇ. ಅರೆದರೆ ತಾನೇ ಕೆನೆಯಾಗುತ್ತದೆ. ಆದರೆ ಅದನ್ನು ಬೆಳೆದವರು ನಾವೇ ಆದ್ದರಿಂದ ಅದು ಆರೋಗ್ಯಕ್ಕೆ ಒಳ್ಳೆಯದಿರಲಿಕ್ಕಿಲ್ಲ.

ಹಾಲಿನ ಪುಡಿಯ ಮಾತು ಷಡ್ಡಕರ ತಾಯಿಯ ಕಿವಿಗೆ ಬಿತ್ತು.

"ಮೀನಿಗೆ ಹಾಲು ಸೇರಿಸ್ತಾರೇನ್ಲಾ ಮಗ? ತೊನ್ನು ಬತ್ತೈತೆ ಕಣಪ್ಪ."

"ಅದಕ್ಕೆ ಪುರಾವೆ ಇಲ್ಲ ಕಣಮ್ಮ, ಸೈನ್ಸು ಒಪ್ಪಲ್ಲ."

"ಹಿಟ್ಟು ತಿಂದ್ರೆ ಸಾಯ್ತಾರೆ ಅಂತ ಒಪ್ತದೇನು ನಿನ್ ಸೈನ್ಸು?"

ಮೀನೂ ಹಾಲೂ ವಿರುದ್ಧಾಹಾರ ಎಂದು ಚರಕನ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ತೊನ್ನಿಗೂ ಮೀನು ಹಾಲಿಗೂ ಸಂಬಂಧವಿಲ್ಲವೆಂದು ಇಂದಿನ ವೈದ್ಯರು ಹೇಳುತ್ತಾರೆ. ಅಷ್ಟರ ಮಟ್ಟಿಗೆ ಮಗನದು ಸರಿ. ತಾಯಿಯ ಎರಡನೇ ಪ್ರಶ್ನೆಗೆ ಉತ್ತರ ಫೋನಿನಲ್ಲಿ ಸಿಗಲಿಲ್ಲ.

ಇನ್ನು ಪಾವಗಡದಲ್ಲಿ ಸೀಗಡಿ ತೊಳೆಯುವ ಪ್ರಶ್ನೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್. ಅದು ಹಲ್ಲಿನಲ್ಲೂ ಮೂಳೆಯಲ್ಲೂ ಸಹಿ ಹಾಕಿಹೋದ ಊರುಗಳಿವೆ. ಹಾಗಾಗಿ ಶುದ್ಧ ನೀರಿನ ಘಟಕಕ್ಕೆ ಕಾಸು ಹಾಕಿ ಕ್ಯಾನು ತುಂಬಿಸಿ ತರಬೇಕು. ಕುಡಿಯಲು ತಂದದ್ದರಲ್ಲಿ ಸೀಗಡಿಯ ಬೆನ್ನಿನ ಕಪ್ಪು ನರ ತೆಗೆದು ಮೂರು ಸಲ ತೊಳೆಯಿರಿ ಎನ್ನುತ್ತದೆ ರೆಸಿಪಿ. ಬರೆದವರ ನಲ್ಲಿಯಲ್ಲಿ ನೀರು ಬರುತ್ತಿರಬೇಕು, ಪುಣ್ಯವಂತರು. ಕರೆಂಟಿಗಂತೂ ಕೊರತೆ ಇರಬಾರದು: ತಿರುಮಣಿ ಸುತ್ತಿನ ಐದು ಊರುಗಳ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕು ಹಾಸಿಕೊಂಡಿದೆ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ. ಆ ಬಿಸಿಲನ್ನೆಲ್ಲ ಗ್ರಿಡ್ಡು ಕುಡಿಯುತ್ತದೆ. ಫ್ರಿಜ್ಜಿನ ಸೀಗಡಿ ಗ್ರಿಡ್ಡಿನ ಮರ್ಜಿಯಲ್ಲಿ ಬದುಕಬೇಕು. ಅಂದಹಾಗೆ, ಪಾವಗಡವನ್ನು ಹೆಚ್ಚುಕಡಿಮೆ ಸುತ್ತುವರಿದಿರುವ ಆಂಧ್ರ ದೇಶಕ್ಕೇ ದೊಡ್ಡ ಸೀಗಡಿ ಕಣಜ. ಅಲ್ಲಿನ ಸೀಗಡಿ ಅಮೆರಿಕಕ್ಕೆ ಹಡಗು ಹತ್ತುತ್ತದೆ. 2025ರ ಆಗಸ್ಟ್‌ನಲ್ಲಿ ಟ್ರಂಪ್ ಶೇ. 50 ಸುಂಕ ಜಡಿದಾಗ ಕೊಳದ ಮಾಲೀಕರು ತಲೆಯ ಮೇಲೆ ಕೈಹೊತ್ತರು. ಪಕ್ಕದ ಪಾವಗಡಕ್ಕೆ ಮಾರೋಣವೆಂದು ಅವರಿಗೆ ಹೊಳೆಯಲಿಲ್ಲ. ನಮ್ಮ ಷಡ್ಡಕರ ಒಂದು ಪ್ಯಾಕೆಟ್ಟು ಅವರಿಗೆ ಆಗುವಂಥ ವ್ಯಾಪಾರವೂ ಅಲ್ಲ ಬಿಡಿ.

ಕಾರ್ಬಿಲ್ಲದ ಮೀನೂಟವನ್ನು ನಿಷ್ಠೆಯಿಂದ ಮಾಡುತ್ತಿರುವವರು ಈ ಸೀಮೆಯಲ್ಲಿ ಒಬ್ಬರೇ: ಶಿರಾ ಹತ್ತಿರದ ಕಗ್ಗಲಡುವಿನ ಬಣ್ಣದ ಕೊಕ್ಕರೆಗಳು. ಊರೊಳಗಿನ ಹುಣಸೆಮರದ ಮೇಲೆ ಗೂಡು, ಸುತ್ತಲಿನ ಕೆರೆಗಳಲ್ಲಿ ಊಟ. ಮೇಯೊನೀಸಿಲ್ಲ, ಲೆಟಿಸ್ ಇಲ್ಲ, ಚೀಟ್ ಡೇ ಇಲ್ಲ. ಕಾಲಂತೂ ಎಷ್ಟು ತೆಳ್ಳಗಿವೆ ನೋಡಿ! ಕೂತದ್ದು ಹುಣಸೆಮರದಲ್ಲಿ, ಕೊಕ್ಕಿನಲ್ಲಿರುವುದು ಮೀನು, ಆದರೂ ಸಾರು ಮಾಡುವ ಚಪಲಕ್ಕೆ ಬಿದ್ದಿಲ್ಲ. ಆ ಸಂಯಮ ಮನುಷ್ಯರಿಗೆ ಬರುವುದಲ್ಲ.

ನಿಜವಾಗಿ ಮಾಡಲೇಬೇಕೆಂಬ ಹಟವಿದ್ದರೆ ಅಷ್ಟು ಕಷ್ಟವೂ ಇಲ್ಲ. ಕೆರೆ ತುಂಬಿದ ವರ್ಷ ಮುಳ್ಳು ಕಡಿಮೆಯಿರುವ ಕೊರವ ಮೀನು ಸಿಕ್ಕರೆ ಒಳ್ಳೆಯದು. ಕಾಟ್ಲಾ, ರೋಹು ಆದರೆ ಬೆಂದಮೇಲೆ ಕೂತು ಮುಳ್ಳು ಆರಿಸಬೇಕು, ಸಾಲಡ್ಡಿನಲ್ಲಿ ಮುಳ್ಳು ಸಿಕ್ಕಿಕೊಂಡರೆ ಇಳಿಸಲು ತುತ್ತು ಮುದ್ದೆ ಇರುವುದಿಲ್ಲ. ಅರಿಶಿನ, ಉಪ್ಪು ಹಚ್ಚಿ ಹಬೆಯಲ್ಲಿ ಬೇಯಿಸಿ, ಪೂರ್ತಿ ಆರಿಸಿ. ಸೀಗಡಿ ಇದ್ದರೆ ಕುದಿಯುವ ನೀರಿಗೆ ಹಾಕಿ, ಕೆಂಪಾಗಿ ಬಾಗಿದ ತಕ್ಷಣ ತೆಗೆಯಿರಿ; ಇನ್ನೂ ಬಿಟ್ಟರೆ ರಬ್ಬರು. ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಿ. ಹುರಿದ ಕಡ್ಲೆಬೀಜ ನುಣ್ಣಗೆ ಅರೆದು ಅದಕ್ಕೆ ಕಲಸಿ, ನಿಂಬೆ ಹಿಂಡಿ, ಹಸಿಮೆಣಸು, ಕೊತ್ತಂಬರಿ ಬೆರೆಸಿ. ಸೌತೆಕಾಯಿ ಹೆಚ್ಚಿ ಉಪ್ಪು ಹಾಕಿ ಹಿಂಡದಿದ್ದರೆ ಎಲ್ಲ ನೀರಾಗುತ್ತದೆ. ಈರುಳ್ಳಿ ನಿಮ್ಮಿಷ್ಟ. ಮೇಲೆ ನಾಲ್ಕು ಕಾಳು ದಾಳಿಂಬೆ. ಸಕ್ಕರೆ ಅಂಶವಿದೆ ಎಂದು ಹುಡುಗ ಫೋನಿನಲ್ಲಿ ಹೌಹಾರಿದರೆ ಹಾರಲಿ. ತಾಯಿಯ ಕಣ್ಣಿಗೆ ಮೊಸರು ಬೀಳದಂತೆ ಕಲಸುವ ಉಪಾಯ ಮಾತ್ರ ಯಾವ ರೆಸಿಪಿಯಲ್ಲೂ ಇಲ್ಲ.

ಇದನ್ನು ಷಡ್ಡಕರಿಗೆ ಹೇಳಿದೆ. ಅವರ ಮುಖದಲ್ಲಿ ನಿರಾಸೆ. "ಇಷ್ಟೇ ಆದರೆ ಇದು ಕೋಸಂಬರಿ ಆಯ್ತಲ್ಲ" ಎಂದರು. ಅಗ್ಗದ ಆರೋಗ್ಯದ ಮೇಲೆ ಅವರಿಗೆ ನಂಬಿಕೆಯಿಲ್ಲ.

ಅಷ್ಟು ಸಾಲದೆ ವಾರದ ಲೆಕ್ಕ ಬೇರೆ. ಸೋಮವಾರ ಈಶ್ವರನದು, ಶುಕ್ರವಾರ ಗೊರವನಹಳ್ಳಿ ಲಕ್ಷ್ಮಿಯದು, ಶನಿವಾರ ಪಾವಗಡದ ದೇವರದು, ಶ್ರಾವಣವಂತೂ ತಿಂಗಳಿಡೀ. ಆ ದಿನಗಳಲ್ಲಿ ಸೀಗಡಿ ಒಲೆ ಹತ್ತುವಂತಿಲ್ಲ. ಶನಿವಾರ ಒಪ್ಪೊತ್ತು ಬಿಟ್ಟವರು ಕಟ್ಟುನಿಟ್ಟಾಗಿ ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣು, ರಸಾಯನ ತಿನ್ನುತ್ತಾರೆ. ಉಪವಾಸದ ದಿನ ತಿಂದ ಕಾರ್ಬು ಲೆಕ್ಕಕ್ಕೆ ಬರುವುದಿಲ್ಲವೆಂದು ಷಡ್ಡಕರ ಅಭಿಪ್ರಾಯ. ದೇವರೇ ಜಾಮೀನು ನಿಂತಿರುವಾಗ ನಾವು ಯಾರು ಕೇಳಲಿಕ್ಕೆ.

ಮನೆಯಲ್ಲಿ ತಾಯಿಯ ಮಾತು, ಕರೆಂಟಿನ ಕಾಟ ಎರಡೂ ಜಾಸ್ತಿಯಾಗಿ ಷಡ್ಡಕರು ಶಿರಾ ಹೆದ್ದಾರಿ ಬದಿಯ ಮಿಲಿಟರಿ ಹೋಟೆಲೊಂದಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. ಊಟದ ದರದಲ್ಲಿ ಎರಡು ಮುದ್ದೆ, ಅನ್ನ, ಮೀನು ಸಾರು. "ಮುದ್ದೆ ಬೇಡ, ಅನ್ನ ಬೇಡ, ಬರೀ ಮೀನು ಕೊಡಿ. ರೇಟು ಕಮ್ಮಿ ಮಾಡ್ತೀರಲ್ಲ?" ಎಂದು ಗಲ್ಲಾದಲ್ಲಿ ಕೇಳಿದರು.

"ಕಮ್ಮಿ ಎಲ್ಲಿಂದ ಸಾರ್, ಅದಕ್ಕೆ ಜಾಸ್ತಿ ಆಗ್ತೈತೆ" ಎಂದ ಯಜಮಾನ, ಚಿಲ್ಲರೆ ಎಣಿಸುತ್ತಲೇ. "ಮುದ್ದೆ ತಿನ್ನೋರು ಒಂದು ಪೀಸಲ್ಲಿ ಏಳ್ತಾರೆ. ನಿಮ್ಮಂಥೋರಿಗೆ ನಾಲ್ಕು ಹಾಕಿದ್ರೂ ಹೊಟ್ಟೆ ತುಂಬಲ್ಲ, ನಮಗೆ ಗಿಟ್ಟಲ್ಲ."